ಜಂಗಮಕೋಟೆಯಲ್ಲಿ ನಾವು ಎಷ್ಟು ಜನ?

ಅಮೆರಿಕದ ಯಾವುದಾದರೂ ಊರಿನ ಹೆಸರನ್ನು ಫೋನಿನಲ್ಲಿ ಹುಡುಕಿ ನೋಡಿ. ಊರಿನ ವಿಸ್ತೀರ್ಣ ಎಷ್ಟು, ಅದರಲ್ಲಿ ನೆಲ ಎಷ್ಟು, ನೀರು ಎಷ್ಟು, ಜನ ಎಷ್ಟು ಅನ್ನುವುದು ಮೊದಲಿಗೇ ಸಿಗುತ್ತದೆ. ಹೊಳೆ, ಕೆರೆ ಅಳೆದು ನೀರಿನ ಲೆಕ್ಕವನ್ನು ಬೇರೆಯಾಗಿ ಬರೆದಿರುತ್ತಾರೆ. ಅಲ್ಲಿನ ಜನಗಣತಿ ಇಲಾಖೆಯೇ ಈ ಲೆಕ್ಕ ಕೊಡುತ್ತದೆ.

ನ್ಯೂಜೆರ್ಸಿ ರಾಜ್ಯದ ಎಡಿಸನ್ ಊರನ್ನೇ ತೆಗೆದುಕೊಳ್ಳಿ. ಭಾರತೀಯರು ಬಹಳ ಇರುವ ಊರು, ಕನ್ನಡದವರೂ ಇದ್ದಾರೆ. ವಿಸ್ತೀರ್ಣ ಸುಮಾರು 80 ಚದರ ಕಿಲೋಮೀಟರ್. 2020ರ ಗಣತಿಯಲ್ಲಿ ಜನಸಂಖ್ಯೆ 1,07,588. ಬಲ್ಬಿಗೆ ಹೆಸರಾದ ಥಾಮಸ್ ಎಡಿಸನ್ ಅವರ ಪ್ರಯೋಗಾಲಯ ಅಲ್ಲಿತ್ತು, ಅದಕ್ಕೇ 1954ರಲ್ಲಿ ಊರಿಗೆ ಅವರ ಹೆಸರು ಇಟ್ಟರು. 1950ರಲ್ಲಿ ಅಲ್ಲಿ ಇದ್ದದ್ದು 16 ಸಾವಿರದಷ್ಟು ಜನ. ಹತ್ತೇ ವರ್ಷಕ್ಕೆ 44 ಸಾವಿರ ದಾಟಿತು. ಹೊಲ ಹೋಯಿತು, ಮನೆಗಳ ಸಾಲು ಬಂತು. ಇವತ್ತು ಅಲ್ಲಿಂದ ಎಷ್ಟೋ ಜನ ಬೆಳಿಗ್ಗೆ ರೈಲು ಹತ್ತಿ ನ್ಯೂಯಾರ್ಕಿಗೆ ಹೋಗಿ, ದುಡಿದು, ರಾತ್ರಿ ಮಲಗಲು ವಾಪಸ್ ಬರುತ್ತಾರೆ. ದೊಡ್ಡ ನಗರದ ಪಕ್ಕದ ಇಂಥ ಊರನ್ನೇ ಉಪನಗರ ಅನ್ನುವುದು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇವೆ ಅಂದರೆ, ನಮ್ಮ ಜಂಗಮಕೋಟೆಯೂ ಅದೇ ದಾರಿ ಹಿಡಿದಿದೆ. ಆದರೆ ನಮ್ಮ ಲೆಕ್ಕ ಮಾತ್ರ 2011ರಲ್ಲೇ ನಿಂತಿದೆ.

ಊರು ಎಲ್ಲಿದೆ ಅಂತ ದೂರದ ಓದುಗರಿಗೆ ಹೇಳಿಬಿಡುತ್ತೇವೆ. ಶಿಡ್ಲಘಟ್ಟ ತಾಲ್ಲೂಕಿನ ಹೋಬಳಿ ಕೇಂದ್ರ ಇದು. ಉತ್ತರಕ್ಕೆ ಶಿಡ್ಲಘಟ್ಟ, ಪಶ್ಚಿಮಕ್ಕೆ ವಿಜಯಪುರ, ಅದರಾಚೆ ದೇವನಹಳ್ಳಿ, ದಕ್ಷಿಣಕ್ಕೆ ಹೊಸಕೋಟೆ ಕಡೆಯ ದಾರಿ. ನಮಗೆ ವರ್ಷವಿಡೀ ಹರಿಯುವ ನದಿ ಇಲ್ಲ. ಕೆರೆ, ಕುಂಟೆ, ಬೋರ್‌ವೆಲ್ ಇವೇ ನೀರು. ಕೆಂಪು ನೆಲದಲ್ಲಿ ರಾಗಿ, ಹಿಪ್ಪುನೇರಳೆ, ದ್ರಾಕ್ಷಿ, ತರಕಾರಿ. ಮನೆ ಪಕ್ಕದಲ್ಲಿ ಹುಳು ಮನೆ. ಗೂಡು ಬಿಡಿಸಿದರೆ ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ.

2008ರ ಮೇ ತಿಂಗಳಲ್ಲಿ ದೇವನಹಳ್ಳಿ ಹತ್ತಿರ ವಿಮಾನ ನಿಲ್ದಾಣ ಶುರುವಾಯಿತು. ಅಲ್ಲಿಂದ ನಮ್ಮ ಭೂಗೋಳ ಬದಲಾಯಿತು. ನೆಲ ಇದ್ದಲ್ಲೇ ಇದೆ, ಆದರೆ ಬೆಂಗಳೂರು ಹತ್ತಿರ ಬಂದುಬಿಟ್ಟಿತು. ಬೆಳಿಗ್ಗೆ ಆರು ಗಂಟೆಗೆ ಕ್ರಾಸ್‌ನಲ್ಲಿ ನಿಂತರೆ ಕಂಪನಿ ವ್ಯಾನ್‌ಗಳು ಹುಡುಗ ಹುಡುಗಿಯರನ್ನು ತುಂಬಿಕೊಂಡು ದೇವನಹಳ್ಳಿ ಕಡೆ ಹೋಗುವುದು ಕಾಣುತ್ತದೆ. ಟ್ಯಾಕ್ಸಿ ಓಡಿಸುವವರು, ಸೆಕ್ಯೂರಿಟಿ ಕೆಲಸದವರು, ಫೋನು ಜೋಡಿಸುವ ಕಾರ್ಖಾನೆಗೆ ಹೋಗುವವರು. ರಾತ್ರಿ ಇವರಲ್ಲಿ ಕೆಲವರು ಊರಿಗೆ ಬರುತ್ತಾರೆ, ಕೆಲವರು ಅಲ್ಲೇ ಪಿಜಿಯಲ್ಲಿ ಉಳಿಯುತ್ತಾರೆ.

ಬೆಂಗಳೂರಿನ ಜನ ನಮ್ಮ ಕಡೆಗೆ ಇನ್ನೊಂದು ರೂಪದಲ್ಲೂ ಬರುತ್ತಿದ್ದಾರೆ, ನೀರಾಗಿ. ಹೆಬ್ಬಾಳ ಮತ್ತು ನಾಗವಾರ ಕಣಿವೆಯ ಕೊಳಚೆ ನೀರನ್ನು ಶುದ್ಧ ಮಾಡಿ ದಿನಕ್ಕೆ 210 ದಶಲಕ್ಷ ಲೀಟರ್‌ನಂತೆ 65 ಕೆರೆಗಳಿಗೆ ತುಂಬಿಸುವ ಎಚ್.ಎನ್.ವ್ಯಾಲಿ ಯೋಜನೆಯಲ್ಲಿ ಹೆಚ್ಚಿನ ಕೆರೆಗಳು ನಮ್ಮ ಜಿಲ್ಲೆಯವು. ಎರಡು ಹಂತ ಶುದ್ಧ ಮಾಡಿದರೆ ಸಾಲದು, ಮೂರನೇ ಹಂತವೂ ಬೇಕು ಅಂತ ರೈತರು ಕೇಳುತ್ತಲೇ ಇದ್ದಾರೆ.

ಈಗ ಜನರ ಲೆಕ್ಕಕ್ಕೆ ಬರೋಣ. 2011ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಜನಸಂಖ್ಯೆ 12,55,104. ಚದರ ಕಿಲೋಮೀಟರಿಗೆ 296 ಜನ. ಬೆಂಗಳೂರು ನಗರ ಜಿಲ್ಲೆಯಲ್ಲಿ 4,381. ಎಡಿಸನ್ನಿನಲ್ಲಿ ಈಗ ಸುಮಾರು 1,350. ಅಂದರೆ ಅಮೆರಿಕದ ಉಪನಗರ ನಮಗೂ ಬೆಂಗಳೂರಿಗೂ ನಡುವೆ ನಿಂತಿದೆ. 2021ರಲ್ಲಿ ಆಗಬೇಕಿದ್ದ ಗಣತಿ ಕೊರೊನಾ ಕಾರಣಕ್ಕೆ ನಿಂತುಹೋಯಿತು. ಮನೆಪಟ್ಟಿ ಕೆಲಸಕ್ಕೆ 2026, ತಲೆ ಎಣಿಕೆಗೆ 2027 ಅಂತ ಗೊತ್ತಾಗಿದೆ. ಎಣಿಕೆಯ ಆಧಾರ ದಿನ 2027ರ ಮಾರ್ಚ್ 1. ಹದಿನಾರು ವರ್ಷದ ಅಂತರ. 2011ರಲ್ಲಿ ಅಂಗನವಾಡಿಗೆ ಹೋಗುತ್ತಿದ್ದ ಮಗು ಈಗ ವ್ಯಾನ್ ಹತ್ತುತ್ತಿದೆ.

ಲೆಕ್ಕ ಹಳೆಯದಾದರೆ ನಷ್ಟ ಯಾರಿಗೆ? ನಮಗೇ. ಆಹಾರ ಭದ್ರತಾ ಕಾಯ್ದೆಯಲ್ಲಿ ರಾಜ್ಯದ ಎಷ್ಟು ಜನಕ್ಕೆ ಕೇಂದ್ರದ ಪಡಿತರ ಅನ್ನುವುದು ನಿಂತಿರುವುದು 2011ರ ಸಂಖ್ಯೆಯ ಮೇಲೆ. ಗ್ರಾಮ ಪಂಚಾಯಿತಿಯಲ್ಲಿ 400 ಜನಕ್ಕೊಬ್ಬ ಸದಸ್ಯ ಅನ್ನುವ ನಿಯಮವೂ ಗಣತಿಯ ಸಂಖ್ಯೆಯನ್ನೇ ನೋಡುತ್ತದೆ. ಊರು ಹಳ್ಳಿಯೋ ಪಟ್ಟಣವೋ ಅಂತ ತೀರ್ಮಾನವಾಗುವುದೂ ಅಲ್ಲೇ. ಗಣತಿಯವರು ಪಟ್ಟಣ ಅನ್ನಬೇಕಾದರೆ ಮೂರು ಗುರುತು ಬೇಕು: ಕನಿಷ್ಠ 5,000 ಜನ, ಚದರ ಕಿಲೋಮೀಟರಿಗೆ ಕನಿಷ್ಠ 400 ಜನ, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಜನ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿರಬೇಕು.

ಗಂಡಸರು ಅಂತ ಬರೆದಿರುವುದನ್ನು ಗಮನಿಸಿ. ಹೆಂಗಸರ ಕೆಲಸ ಈ ಪರೀಕ್ಷೆಯಲ್ಲೇ ಇಲ್ಲ. ಆದರೆ ನಮ್ಮ ಕಡೆ ರೇಷ್ಮೆ ನಿಂತಿರುವುದು ಯಾರ ಮೇಲೆ? ನಾಲ್ಕನೇ ಜ್ವರ ಎದ್ದ ಹುಳುವಿಗೆ ಹಗಲು ರಾತ್ರಿ ಅನ್ನದೆ ಸೊಪ್ಪು ಹಾಕುವವರು ನಮ್ಮ ಅಮ್ಮಂದಿರು, ಅತ್ತಿಗೆಯರು. ಅವರನ್ನು "ಏನು ಕೆಲಸ ಮಾಡ್ತೀರಮ್ಮ?" ಅಂತ ಕೇಳಿ ನೋಡಿ. "ಏನಿಲ್ಲಪ್ಪ, ಮನೇಲಿರ್ತೀನಿ" ಅನ್ನುತ್ತಾರೆ. ಗಣತಿಯ ನಿಯಮ ಹಾಗಿಲ್ಲ. ಸ್ವಂತ ಹೊಲದಲ್ಲಿ ಸಂಬಳವಿಲ್ಲದೆ ದುಡಿದರೂ ಅದು ಕೆಲಸವೇ.

ನಮ್ಮನ್ನೇ ತೆಗೆದುಕೊಳ್ಳಿ. ಪತ್ರಿಕೋದ್ಯಮ ಡಿಪ್ಲೊಮಾ ಓದಿ ಊರಿಗೆ ವಾಪಸ್ ಬಂದವರು ನಾವು. ಪತ್ರಿಕೆಗೆ ಸುದ್ದಿ ಕಳಿಸುತ್ತೇವೆ, ಹೊಟ್ಟೆ ತುಂಬುವುದು ಹಿಪ್ಪುನೇರಳೆ ತೋಟದಿಂದ. ನಮ್ಮ ಕೆಲಸ ಬೇಸಾಯವೋ ಬೇರೆಯೋ? ಹಗಲು ಟ್ಯಾಕ್ಸಿ ಓಡಿಸಿ ರಾತ್ರಿ ಬೋರ್ ಮೋಟಾರ್ ಹಾಕಲು ಎದ್ದೇಳುವ ಹುಡುಗನದು? ಈ ಹೋಬಳಿಯಲ್ಲಿ ಒಂದೇ ಕೆಲಸದಲ್ಲಿ ಬದುಕುವ ಮನೆ ಕಡಿಮೆ. ಫಾರಂನಲ್ಲಿ ಬರೆಯುವುದು ಮಾತ್ರ ಒಂದೇ ಮುಖ್ಯ ಕೆಲಸ.

ಇದು ಈಗ ಜಮೀನಿನ ಪ್ರಶ್ನೆಯೂ ಆಗಿದೆ. ನಮ್ಮ ಹೋಬಳಿಯ 13 ಹಳ್ಳಿಗಳಲ್ಲಿ ಸುಮಾರು 2,800 ಎಕರೆಯನ್ನು ಕೈಗಾರಿಕೆಗೆ ತೆಗೆದುಕೊಳ್ಳಲು ಕೆಐಎಡಿಬಿ ಹೊರಟಿರುವುದು ನಿಮಗೆ ಗೊತ್ತು. ಕೊಡುತ್ತೇವೆ ಅನ್ನುವವರೂ ನಮ್ಮವರೇ, ಕೊಡುವುದಿಲ್ಲ ಅಂತ ಧರಣಿ ಕೂತವರೂ ನಮ್ಮವರೇ. ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ರೈತರು ಮೂರು ವರ್ಷಕ್ಕೂ ಹೆಚ್ಚು ಹೋರಾಡಿದ ಮೇಲೆ, 2025ರ ಜುಲೈ 15ರಂದು 1,777 ಎಕರೆಯ ಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು.

2,800 ಎಕರೆ ಅಂದರೆ ಸುಮಾರು 11 ಚದರ ಕಿಲೋಮೀಟರ್, ಎಡಿಸನ್ನಿನ ಏಳನೇ ಒಂದು ಭಾಗ. ಆ ಎಡಿಸನ್ನಿನಲ್ಲಿ 1948ರಲ್ಲಿ ಫೋರ್ಡ್ ಕಂಪನಿ ಕಾರು ಕಾರ್ಖಾನೆ ತೆರೆಯಿತು. ಸಾವಿರಾರು ಜನಕ್ಕೆ ಕೆಲಸ ಸಿಕ್ಕಿತು, ಊರು ಬೆಳೆಯಿತು. 2004ರಲ್ಲಿ ಕಾರ್ಖಾನೆ ಮುಚ್ಚಿತು. ಆ ಜಾಗದಲ್ಲಿ ಈಗ ಅಂಗಡಿ ಮಳಿಗೆಗಳಿವೆ. ಕಾರ್ಖಾನೆ ಬಂದರೆ ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ಒಂದು ತಲೆಮಾರಿಗೆ ಅದು ಅನ್ನ ಕೊಟ್ಟಿದೆ. ಆದರೆ ಕಾರ್ಖಾನೆ ಹೋದ ಮೇಲೆ ಆ ನೆಲ ಮತ್ತೆ ಹೊಲವಾಗಲಿಲ್ಲ. ಕೊಡುವವರು, ಕೊಡದವರು ಇಬ್ಬರೂ ಇದನ್ನು ತಿಳಿದೇ ತೀರ್ಮಾನ ಮಾಡಲಿ.

ತೀರ್ಮಾನಕ್ಕೆ ಮೊದಲು ಆ 13 ಹಳ್ಳಿಗಳಲ್ಲಿ ಈಗ ಎಷ್ಟು ಜನ ಇದ್ದಾರೆ, ಎಷ್ಟು ಮನೆ ಹುಳು ಸಾಕುತ್ತವೆ, ಪಹಣಿಯಲ್ಲಿ ಹೆಸರಿಲ್ಲದೆ ಕೂಲಿಗೆ, ವಾರಕ್ಕೆ ದುಡಿಯುವವರು ಎಷ್ಟು, ಕೆರೆಗಳ ವಿಸ್ತೀರ್ಣ ಎಷ್ಟು ಅನ್ನುವುದು ಮೇಜಿನ ಮೇಲೆ ಇರಬೇಕು. ಜಮೀನು ಇದ್ದವರಿಗೆ ಪರಿಹಾರದ ಮಾತಾದರೂ ಇದೆ. ಲೆಕ್ಕದಲ್ಲೇ ಇಲ್ಲದವರಿಗೆ ಅದೂ ಇಲ್ಲ.

ಅದಕ್ಕೇ ಒಂದು ಮನವಿ. ಗಣತಿಯವರು ಬಾಗಿಲಿಗೆ ಬಂದಾಗ ಗಂಡಸರು ಮಾತ್ರ ಎದ್ದು ಹೋಗಿ ಉತ್ತರ ಕೊಟ್ಟು ಕಳಿಸಬೇಡಿ. ಅಮ್ಮನನ್ನೂ ಕೂರಿಸಿಕೊಳ್ಳಿ, ಹುಳು ಮನೆ ಕೆಲಸ ಹೇಳಿಸಿ. ಎಣಿಕೆ ನಡೆಯುವಷ್ಟು ದಿನವೂ ಪಿಜಿಯಲ್ಲೇ ಇರುವ ಮಕ್ಕಳನ್ನು ಅಲ್ಲಿ ಬರೆಸಬೇಕು, ದಿನಾ ಹೋಗಿ ಬರುವವರನ್ನು ಇಲ್ಲಿ. ಮಕ್ಕಳಿಗೆ ಇವತ್ತೇ ಫೋನ್ ಮಾಡಿ ಇದನ್ನು ಹೇಳಿಡಿ, ಇಲ್ಲದಿದ್ದರೆ ಎರಡೂ ಕಡೆ ಬಿಟ್ಟುಹೋಗುತ್ತಾರೆ. ಹೊರ ರಾಜ್ಯದಿಂದ ಬಂದು ನಮ್ಮೂರಲ್ಲಿ ಬಾಡಿಗೆಗೆ ಇರುವವರಿಗೂ ತಿಳಿಸಿ, ಅವರೂ ಇಲ್ಲಿಯ ಲೆಕ್ಕಕ್ಕೇ ಸೇರಬೇಕು.

ಮುಂದಿನ ಗ್ರಾಮಸಭೆಯಲ್ಲಿ ಕೆರೆಯ ಸರ್ವೆ ನಂಬರ್, ವಿಸ್ತೀರ್ಣ, ಒತ್ತುವರಿ ಎಷ್ಟು ಅಂತ ಕೇಳಿ. ಉತ್ತರ ಸಿಕ್ಕರೆ ನಮಗೆ ಕಳಿಸಿ. ಒಂದೊಂದು ಹಳ್ಳಿಯ ನೆಲ, ನೀರು, ಜನದ ಲೆಕ್ಕವನ್ನು ಇಲ್ಲೇ ಪ್ರಕಟಿಸುತ್ತೇವೆ.