ಕಾಳಿಯ ಊರಿಗೆ ನೇರಳೆಯ ಜೊತೆ

ಬೆಳಗಿನ ಜಾವ ಐದು ಗಂಟೆ. ಗೋಡೆಯ ಮೊಳೆಗೆ ನೇತುಹಾಕಿದ ಬೆಲ್ಟಿಗೆ ಕೈ ಹಾಕಿದರೆ ಸಾಕು, ಕೊಂಡಿ ಕಿಣಿ ಎನ್ನುತ್ತದೆ. ಅದರ ಬೆನ್ನಿಗೇ ದಿವಾನದ ಕೆಳಗಿನಿಂದ ಬಾಲ ನೆಲಕ್ಕೆ ಬಡಿಯುವ ಸದ್ದು. ದಪ್, ದಪ್, ದಪ್. ಮೊದಲು ಮೂತಿ, ಆಮೇಲೆ ಮುಂಗಾಲು, ಬೆನ್ನು ಬಿಲ್ಲಿನಂತೆ ಬಗ್ಗಿಸಿ ಒಂದು ಮೈಮುರಿತ, ಬಾಯಿ ತುಂಬ ಆಕಳಿಕೆ. ನೇರಳೆ ಎದ್ದಳು.

ಮೂರು ವರ್ಷದ ಹಿಂದೆ, ಮಳೆಗಾಲದ ಒಂದು ರಾತ್ರಿ ನಮ್ಮ ಬೀದಿಯ ಚರಂಡಿ ಚಪ್ಪಡಿಯ ಕೆಳಗೆ ನಡುಗುತ್ತ ಕೂತಿದ್ದ ಮರಿ ಇದು. ಹಳೇ ಟವೆಲಿನಲ್ಲಿ ಒರೆಸಿ ದೀಪಕ್ಕೆ ಹಿಡಿದಾಗ ಕಪ್ಪು ಮೈಯಲ್ಲಿ ನೇರಳೆ ಹಣ್ಣಿನ ಮಿಂಚು ಕಂಡಿತು. ಮಗಳು ಅಲ್ಲೇ ಹೆಸರಿಟ್ಟಳು. ಯಾವ ತಳಿ ಎಂದು ಕೇಳುವವರಿಗೆ ನಾವು ಬೀದಿಯ ಹೆಸರು ಹೇಳುತ್ತೇವೆ.

ಇವತ್ತು ಭಾನುವಾರ. ಸಂಕ್ರಾಂತಿ ಕಳೆದು ವಾರವೂ ಆಗಿಲ್ಲ, ಬೆಂಗಳೂರಿನಲ್ಲಿ ಮಾಗಿಯ ಚಳಿ ಇನ್ನೂ ಗಟ್ಟಿಯಾಗಿದೆ. ಹೊರಟಿರುವುದು ಮದ್ದೂರು ತಾಲ್ಲೂಕಿನ ಆತಗೂರಿಗೆ. ಶಾಸನಗಳಲ್ಲಿ ಓದಿದವರಿಗೆ ಆತಕೂರು. ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಸ್ವಲ್ಪ ಜಾಗ ಮಾಡಿಕೊಂಡು ನೀವೂ ಕೂತುಕೊಳ್ಳಿ. ಕಾಲ ಬಳಿ ನೀರಿನ ಕ್ಯಾನು, ಸ್ಟೀಲ್ ಬಟ್ಟಲು, ಹಳೇ ಬೆಡ್‌ಶೀಟು, ಪೇಪರು, ಲಸಿಕೆಯ ಕಾರ್ಡು. ನೇರಳೆಗೆ ಎದೆಪಟ್ಟಿ ಕಟ್ಟಿ ಸೀಟ್ ಬೆಲ್ಟಿಗೆ ಸಿಕ್ಕಿಸಿದ್ದೇವೆ. ಅವಳ ರಾತ್ರಿಯ ಊಟ ನಿನ್ನೆ ಏಳಕ್ಕೇ ಮುಗಿದಿದೆ. ಹೊಟ್ಟೆ ಹಗುರಾಗಿದ್ದರೆ ದಾರಿ ಸುಗಮ.

ಇದು ನಾವು ಕಷ್ಟಪಟ್ಟು ಕಲಿತ ಪಾಠ. ಮರಿಯಾಗಿದ್ದಾಗ ಮೊದಲ ಸಲ ಕಾರಿನಲ್ಲಿ ಕರೆದೊಯ್ದ ದಿನ ಕೆಂಗೇರಿ ದಾಟುವ ಮೊದಲೇ ಜೊಲ್ಲು ಸುರಿಸಿ ಎರಡು ಸಲ ವಾಂತಿ ಮಾಡಿಕೊಂಡಳು. ಕಿವಿಯೊಳಗೆ ಮೈಯ ಸಮತೋಲ ಕಾಯುವ ಭಾಗ ಮರಿಗಳಲ್ಲಿ ಇನ್ನೂ ಬಲಿತಿರುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನಾವು ಮತ್ತೆ ಮೊದಲಿನಿಂದ ಶುರುಮಾಡಿದೆವು. ಒಂದು ವಾರ ನಿಂತ ಕಾರಿನಲ್ಲೇ ಕೂರಿಸಿ ಊಟ. ಇನ್ನೊಂದು ವಾರ ಬೀದಿಯ ಕೊನೆಯವರೆಗೆ. ಆಮೇಲೆ ಪಾರ್ಕಿನವರೆಗೆ. ಈಗ ಕಾರಿನ ಬಾಗಿಲು ತೆರೆದರೆ ಅವಳಿಗೆ ಹಬ್ಬ.

ಎಕ್ಸ್‌ಪ್ರೆಸ್ ರಸ್ತೆ ಬಿಟ್ಟು ಹಳೇ ರಸ್ತೆಯನ್ನೇ ಹಿಡಿದಿದ್ದೇವೆ. 2023ರ ಮಾರ್ಚಿನಲ್ಲಿ ಆ ಹೊಸ ರಸ್ತೆ ತೆರೆದ ಮೇಲೆ ಮೈಸೂರು ಹತ್ತಿರವಾಯಿತು, ನಿಜ. ಆದರೆ ನಾಯಿ ಜೊತೆಗಿದ್ದರೆ ಮನಸ್ಸು ಬಂದಲ್ಲಿ ನಿಲ್ಲಿಸಬೇಕು, ನೆಲ ಮೂಸಲು ಬಿಡಬೇಕು. ತಂತಿಬೇಲಿಗಳ ನಡುವೆ ಓಡುವ ಆ ರಸ್ತೆಯಲ್ಲಿ ಅದಕ್ಕೆ ಜಾಗವಿಲ್ಲ. ನಾಯಿಯನ್ನು ಕರೆದುಕೊಂಡು ಹೋದಮೇಲೆ ಆ ದಿನ ನಾಯಿಯದ್ದೂ ಆಗಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಲಗೇಜಿನ ಹಾಗೆ ಹೇರಿಕೊಂಡು ಹೋಗಿ, ಫೋಟೊ ತೆಗೆದು, ರೂಮಿನಲ್ಲಿ ಕಟ್ಟಿಹಾಕಿ ತಾವು ಮಾತ್ರ ಊರು ಸುತ್ತುವವರನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಬಿಡದಿ. ಇಡ್ಲಿ ಪಾತ್ರೆಯ ಹಬೆ ರಸ್ತೆಗೇ ಬಂದಿದೆ. ಹೋಟೆಲಿನ ಒಳಗೆ ನಾಯಿಗೆ ಪ್ರವೇಶವಿಲ್ಲ. ಕೇಳಿದವರ ಮುಖ ನೋಡಿಯೇ ತಿಳಿಯಿತು. ಸರಿ, ಕಾರಿನ ಬಾನೆಟ್ಟೇ ಮೇಜು. ಊಟದ ತಟ್ಟೆಯಂತೆ ಅಗಲವಾದ ತಟ್ಟೆ ಇಡ್ಲಿ, ಮೇಲೆ ಕರಗುತ್ತಿರುವ ಬೆಣ್ಣೆ. ಬೆಣ್ಣೆ, ಚಟ್ನಿ ತಾಗದ ಅಂಚನ್ನು ಮಗಳು ಮುರಿದು, ಊದಿ ಆರಿಸಿ ಕೊಡುತ್ತಾಳೆ. ನೇರಳೆ ಅದನ್ನು ಬೆರಳಿಗೆ ಹಲ್ಲು ತಾಗದಂತೆ ತುಟಿಯಲ್ಲೇ ಎತ್ತಿಕೊಳ್ಳುತ್ತಾಳೆ. ನಮ್ಮಲ್ಲಿ ಒಬ್ಬರು ಕೈ ತೊಳೆಯಲು ಹೋದರೆ ಇನ್ನಿಬ್ಬರು ಇಲ್ಲೇ ಇರುತ್ತೇವೆ. ಗಾಜು ಏರಿಸಿದ ಕಾರಿನಲ್ಲಿ ಅವಳನ್ನು ಒಂಟಿ ಬಿಡುವ ಮಾತೇ ಇಲ್ಲ. ಬಿಸಿಲಿಗೆ ನಿಂತ ಕಾರು ಹತ್ತೇ ನಿಮಿಷದಲ್ಲಿ ಕಾದುಬಿಡುತ್ತದೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕಿಯೇ ತಣ್ಣಗಾಗಬೇಕು. ಒಳಗಿನ ಗಾಳಿಯೇ ಬಿಸಿಯಾದರೆ ತೇಕಿ ಏನು ಪ್ರಯೋಜನ?

ರಾಮನಗರದ ಬಂಡೆಗಳು ಮಂಜಿನಿಂದ ಒಂದೊಂದಾಗಿ ಮೇಲೇಳುತ್ತಿವೆ. 'ಶೋಲೆ' ನೆನಪಿಗೆ ಬರುವವರಿಗೆ ಬರಲಿ, ನನ್ನ ಕಣ್ಣು ರಾಮದೇವರ ಬೆಟ್ಟದ ನೆತ್ತಿಯ ಕಡೆಗಿದೆ. 2012ರಿಂದ ಅದು ರಣಹದ್ದುಗಳ ಧಾಮ. ಮಗಳು ಇಳಿಯೋಣ ಎನ್ನುತ್ತಾಳೆ, ನಾನು ಬೇಡ ಎನ್ನುತ್ತೇನೆ. ನೇರಳೆಯ ಮೇಲೆ ನನಗೆಷ್ಟು ಪ್ರೀತಿಯಿದ್ದರೂ ಕಾಡು ಪ್ರಾಣಿಗಳ ಜಾಗಕ್ಕೆ ಅವಳನ್ನು ಇಳಿಸುವುದಿಲ್ಲ. ನಾಯಿಗೆ ಬರುವ ಡಿಸ್ಟೆಂಪರ್ ವೈರಸ್ಸು 2018ರಲ್ಲಿ ಗಿರ್ ಕಾಡಿನ ಸಿಂಹಗಳಲ್ಲಿ ಕಾಣಿಸಿಕೊಂಡು ಜೀವ ತೆಗೆದದ್ದನ್ನು ಓದಿದ ಮೇಲೆ ಈ ವಿಷಯದಲ್ಲಿ ನನ್ನ ಮನಸ್ಸು ಕಲ್ಲು.

ಚನ್ನಪಟ್ಟಣ ದಾಟಿ ಒಂದು ಹುಣಸೆ ಮರದ ಕೆಳಗೆ ಕಾರು ನಿಲ್ಲುತ್ತದೆ. ಇಲ್ಲಿ ಕಾಲು ಗಂಟೆ ನೇರಳೆಯದ್ದು. ಬಗ್ಗಿ ಅವಳ ಮೂಗನ್ನು ಹತ್ತಿರದಿಂದ ನೋಡಿ. ಒದ್ದೆ ಕಪ್ಪು ಚರ್ಮ, ಅದರ ಮೇಲೆ ಬೆರಳ ಗುರುತಿನಂಥ ಸಣ್ಣ ಗೆರೆಗಳು. ಹೊಳ್ಳೆಯ ಎರಡೂ ಪಕ್ಕದಲ್ಲಿ ಅಲ್ಪವಿರಾಮದಂಥ ಸೀಳು. ಗಾಳಿ ಮುಂದಿನಿಂದ ಒಳಗೆ ಹೋಗುತ್ತದೆ, ಉಸಿರು ಆ ಸೀಳುಗಳಿಂದ ಪಕ್ಕಕ್ಕೆ ಹೊರಡುತ್ತದೆ. ಹಾಗಾಗಿ ಬಿಟ್ಟ ಉಸಿರು ವಾಸನೆಯನ್ನು ಚದುರಿಸುವುದಿಲ್ಲ. ಒಂದು ಒಣ ಗರಿಕೆಯ ಬುಡದಲ್ಲಿ ಅವಳು ಪೂರ್ತಿ ಎರಡು ನಿಮಿಷ ನಿಂತಿದ್ದಾಳೆ. ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಆಮೇಲೆ ಮೇಲಿನಿಂದ. ನನಗೆ ಕಾಣುವುದು ಬರೀ ಹುಲ್ಲು. ಬೆಲ್ಟು ಜಗ್ಗಬಾರದು ಎಂದು ಮಗಳಿಗೆ ಹೇಳಬೇಕಾಗಿಯೇ ಇಲ್ಲ, ಅವಳೂ ಕುಕ್ಕರುಗಾಲಲ್ಲಿ ಕೂತು ಕಾಯುತ್ತಿದ್ದಾಳೆ.

ಮದ್ದೂರಿನಲ್ಲಿ ವಡೆಯ ಪೊಟ್ಟಣ ಬಿಚ್ಚಿದ್ದೇ ತಡ, ಹಿಂದಿನ ಸೀಟಿನಿಂದ ಮೂತಿ ನನ್ನ ಭುಜದ ಮೇಲೆ ಬಂತು. ರವೆ, ಅಕ್ಕಿ ಹಿಟ್ಟು, ಕರಿಬೇವು, ಎಲ್ಲ ಸರಿ; ಆದರೆ ಮದ್ದೂರು ವಡೆಯ ಜೀವವೇ ಈರುಳ್ಳಿ. ಈರುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ, ಹುರಿದರೂ ಬೇಯಿಸಿದರೂ ಅಷ್ಟೇ. ಎರಡು ಕಣ್ಣು ನೆಟ್ಟು ಬೇಡುತ್ತಿದ್ದಾಳೆ. "ಒಂದೇ ಒಂದು ಚೂರು ಅಮ್ಮಾ" ಎನ್ನುತ್ತಾಳೆ ಮಗಳು, ನೇರಳೆಯ ಪರವಾಗಿ. ಇಲ್ಲ. ಒಂದು ಗೆಡ್ಡೆ ಕ್ಯಾರೆಟ್ಟು ಕೊಟ್ಟೆ, ಕರಕರ ಅಗಿದಳು.

ಕವಲು ರಸ್ತೆಗೆ ತಿರುಗಿದ ಮೇಲೆ ಎರಡೂ ಕಡೆ ಕಬ್ಬು. ಕಿಟಕಿ ಅರ್ಧ ಇಳಿಸಿದ್ದೇವೆ. ಎಲ್ಲೋ ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುತ್ತಿದೆ. ಬೆಲ್ಲದ ವಾಸನೆ ನಮ್ಮ ಮೂಗಿಗೇ ಹೀಗೆ ತುಂಬಿಕೊಂಡರೆ ಅವಳಿಗೆ ಹೇಗಿರಬೇಡ! ಕಿವಿ ಹಿಂದಕ್ಕೆ ಒರಗಿವೆ, ಹೊಳ್ಳೆ ಅದುರುತ್ತಿವೆ. ಎದುರಿಗೆ ಗಾಡಿ ಎಳೆಯುತ್ತ ಬಂದ ಜೋಡೆತ್ತುಗಳ ಮೈಯಲ್ಲಿ ಸಂಕ್ರಾಂತಿಯ ಅರಿಸಿನ ಇನ್ನೂ ಹೋಗಿಲ್ಲ, ಕೊಂಬಿನ ಬಣ್ಣವೂ ಹಾಗೇ ಇದೆ. ನೇರಳೆ ಬೊಗಳುವುದನ್ನೂ ಮರೆತು ನೋಡುತ್ತಾಳೆ.

ಈ ಊರಿಗೇ ಏಕೆ ಎಂದು ಈಗ ಹೇಳಬೇಕು. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನಾನು ಒಂದು ಕಲ್ಲಿನ ಮುಂದೆ ನಿಂತುಬಿಟ್ಟಿದ್ದೆ. ನಾಯಿಯೂ ಹಂದಿಯೂ ಸೆಣಸುತ್ತಿರುವ ಕೆತ್ತನೆ, ಜೊತೆಗೆ ಹಳಗನ್ನಡದ ಸಾಲುಗಳು. ಆತಕೂರಿನ ಶಾಸನ. 949ರಲ್ಲಿ, ಇಂದಿನ ತಮಿಳುನಾಡಿನ ಅರಕ್ಕೋಣದ ಬಳಿಯ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ಯುದ್ಧವಾಯಿತು. ಕೃಷ್ಣನ ಪರವಾಗಿ ಹೋರಾಡಿದ ಗಂಗ ದೊರೆ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಆ ಕಾಳಗದಲ್ಲಿ ಬೂತುಗನ ಕಡೆಯ ಮಣಲೆರ ಎಂಬ ವೀರ ಎದೆಗೊಟ್ಟು ನಿಂತಿದ್ದ. ಮೆಚ್ಚಿದ ದೊರೆ ಏನು ಬೇಕೋ ಕೇಳು ಎಂದ. ಮಣಲೆರ ಕೇಳಿದ್ದು ದೊರೆಯ ಬೇಟೆ ನಾಯಿ ಕಾಳಿಯನ್ನು.

ಕಲ್ಲಿನ ಮುಂದೆ ನಿಂತಿದ್ದ ನನ್ನ ಮೈ ಜುಮ್ಮೆಂದದ್ದು ಅಲ್ಲಿ. ಯುದ್ಧ ಗೆದ್ದು ಬಂದ ಸೈನಿಕ, ಎದುರಿಗೆ ಕೊಡಲು ಸಿದ್ಧನಿರುವ ದೊರೆ. ಆ ಗಳಿಗೆಯಲ್ಲಿ ಅವನ ಮನಸ್ಸಿಗೆ ಬಂದದ್ದು ಆ ನಾಯಿ. ಆಮೇಲೆ ಕೆಲಲೆ ನಾಡಿನ ಬೆಟ್ಟದಲ್ಲಿ ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಗೆ ಕಲ್ಲು ನೆಟ್ಟರು, ಪೂಜೆಗೆ ಭೂಮಿ ಬಿಟ್ಟರು. ಅಲ್ಲಿನ ಗೊರವ, ಅಂದರೆ ಶೈವ ಪೂಜಾರಿ, ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪ ತಟ್ಟುತ್ತದೆ ಎಂದೂ ಬರೆಸಿದರು. ಸಂಗ್ರಹಾಲಯದೊಳಗೆ ನಾಯಿಯನ್ನು ಬಿಡುವುದಿಲ್ಲ. ಕಲ್ಲನ್ನು ನೇರಳೆಗೆ ತೋರಿಸಲಾರೆ, ಊರನ್ನಾದರೂ ತೋರಿಸೋಣ ಎಂದು ಅವತ್ತೇ ಅಂದುಕೊಂಡಿದ್ದೆ.

ಊರ ಅಂಚಿನಲ್ಲೇ ಕಾರು ನಿಲ್ಲಿಸಿದೆವು. ಒಳಗೆ ನುಗ್ಗುವಂತಿಲ್ಲ, ಇದು ಬೇರೆ ನಾಯಿಗಳ ರಾಜ್ಯ. ಆಗಲೇ ಮೂವರು ಬಂದಾಯಿತು: ಕೆಂಚು ಬಣ್ಣದ ಗಂಡು, ಕಿವಿ ಹರಿದ ಮುದಿ ಹೆಣ್ಣು, ಒಂದು ಮರಿ. ಮನೆಯವರು ಬೆಲ್ಟನ್ನು ಗಟ್ಟಿಯಾಗಿ ಹಿಡಿದಿದ್ದಾರೆ, ಆದರೆ ಬಿಗಿದು ಎಳೆದಿಲ್ಲ. ಎಳೆದರೆ ನೇರಳೆಗೆ ಭಯ ಹತ್ತುತ್ತದೆ. ಕೆಂಚ ನೇರ ಬರದೆ ಅರ್ಧಚಂದ್ರ ಸುತ್ತಿ ಬರುತ್ತಾನೆ, ಹಿಂಬದಿ ಮೂಸುತ್ತಾನೆ. ನೇರಳೆಯ ಬೆನ್ನಿನ ಕೂದಲು ನಿಮಿರಿ, ಮತ್ತೆ ಮಲಗುತ್ತದೆ. ಮರಿ ಅಂಗಾತ ಬಿದ್ದು ಹೊಟ್ಟೆ ತೋರಿಸಿತು. ನಾನು ಹಿಡಿದಿದ್ದ ಉಸಿರು ಬಿಟ್ಟೆ.

ಅರಳಿಕಟ್ಟೆಯ ಮೇಲೆ ಕೂತಿದ್ದ ಯಜಮಾನರೊಬ್ಬರು ಇದನ್ನೆಲ್ಲ ನೋಡುತ್ತಿದ್ದರು. "ಯಾವೂರವ್ವ? ನಾಯಿನೂ ಕರ್ಕಂಡ್ ಬಂದಿದ್ದೀರಿ" ಎಂದರು. ಕಾಳಿಯ ಕಲ್ಲಿನ ವಿಷಯ ಹೇಳಿದೆ. ಅವರ ಮುಖ ಅರಳಿತು.

"ಹಂದಿ ಹಿಡ್ದಿದ್ ನಾಯಿ ಕಲ್ಲಲ್ವ? ನಮ್ಮೂರ್ದೇ ಕಣವ್ವ ಅದು. ಬೆಂಗ್ಳೂರ್ಗೆ ತಕಂಡೋದ್ರು."

"ತಾತ, ಈಗಲೂ ಹಂದಿ ಇದಾವಾ?" ಮಗಳು ಕೇಳಿದಳು.

"ಇಲ್ದೆ ಏನ್ ಮಗಾ! ಕಬ್ಬೆಲ್ಲಾ ಮುರ್ದಾಕ್ತವೆ. ಕಬ್ಬಿನ್ ಒಳಕ್ ಮಾತ್ರ ಇದ್ನ ಬುಡ್ಬೇಡಿ. ಚಿರ್ತೆನೂ ಐತೆ ಅಂತಾರೆ."

ಸಾವಿರ ವರ್ಷ ದಾಟಿದೆ. ಹಂದಿಯ ಕಾಟ ಹಾಗೇ ಇದೆ, ನಾಯಿಯ ಬಗ್ಗೆ ಕಾಳಜಿಯ ಮಾತೂ ಹಾಗೇ ಇದೆ.

ಬಿಸಿಲು ಏರಿದೆ. ಅಂಗೈಯ ಹಿಂಭಾಗವನ್ನು ಡಾಂಬರಿನ ಮೇಲಿಟ್ಟು ನೋಡಿದೆ, ಎಣಿಸುತ್ತ ಏಳು ಮುಟ್ಟುವಷ್ಟರಲ್ಲಿ ಚುರುಕ್ ಎಂದಿತು. ನನಗೆ ಚುರುಕ್ ಎಂದರೆ ಅವಳ ಪಾದಕ್ಕೂ ಅಷ್ಟೇ. ರಸ್ತೆ ಬಿಟ್ಟು ಹುಲ್ಲಿನ ಬದುವಿನ ಮೇಲೆ ನಡೆದು ನಾಲೆಯ ಪಕ್ಕದ ಹೊಂಗೆ ಮರದ ನೆರಳಿಗೆ ಬಂದೆವು. ನೀರಿಗೆ ಇಳಿಸಲಿಲ್ಲ. ನಾಲೆಯ ಸೆಳೆತ ಮೇಲಿನಿಂದ ಗೊತ್ತಾಗುವುದಿಲ್ಲ, ಕಾಂಕ್ರೀಟ್ ದಡ ಹತ್ತಲು ಉಗುರಿಗೆ ಹಿಡಿತ ಸಿಗುವುದಿಲ್ಲ. ಕ್ಯಾನಿನ ನೀರನ್ನೇ ಬಟ್ಟಲಿಗೆ ಸುರಿದರೆ ಲಪಲಪ ಕುಡಿದಳು. ನಾಲಿಗೆ ಹಿಂದಕ್ಕೆ ಮಡಚಿ ನೀರನ್ನು ಮೇಲೆಳೆದುಕೊಳ್ಳುವ ಆ ವೇಗವನ್ನು ಎಷ್ಟು ನೋಡಿದರೂ ನನಗೆ ಸಾಲದು. ಗಲ್ಲದಿಂದ ಹನಿ ಜಾರಿ ಮಣ್ಣಿನಲ್ಲಿ ಸಣ್ಣ ಗುಳಿಗಳಾದವು.

ಬುತ್ತಿ ಬಿಚ್ಚಿದೆ. ಚಪಾತಿ, ಅವರೆಕಾಳು ಪಲ್ಯ, ಮೊಸರನ್ನ. ಹಸಿವಿಗೆ ನನ್ನ ಕೈ ಆಗಲೇ ತುತ್ತಿಗೆ ಹೋಗಿತ್ತು.

"ಅಮ್ಮಾ, ನಿಲ್ಲು" ಎಂದಳು ಮಗಳು.

ಬ್ಯಾಗಿನಿಂದ ನೇರಳೆಯ ಡಬ್ಬಿ ತೆಗೆದಳು: ಉಪ್ಪು ಹಾಕದ ಅನ್ನ, ಬೇಯಿಸಿ ಬಿಡಿಸಿದ ಕೋಳಿ. ಹೊಂಗೆ ಎಲೆಗಳನ್ನು ಸರಿಸಿ ನೆಲ ಚೊಕ್ಕಟ ಮಾಡಿ ಬಟ್ಟಲು ಇಟ್ಟಳು. ನೇರಳೆ ತಿನ್ನಲು ಶುರುಮಾಡಿದ ಮೇಲೆ ಬಂದು ನನ್ನ ಪಕ್ಕ ಕೂತಳು. "ಗೊರವ ಮೊದಲು ಕಲ್ಲಿಗೆ ಪೂಜೆ ಮಾಡಬೇಕಿತ್ತಲ್ಲ, ಆಮೇಲೆ ತಾನೇ ಊಟ?" ಕಾರಿನಲ್ಲಿ ನಾನು ಹೇಳಿದ್ದನ್ನು ಕಿಟಕಿಯಾಚೆ ನೋಡುತ್ತಲೇ ಕೇಳಿಸಿಕೊಂಡಿದ್ದಳು. ಮನೆಯವರು ಏನೂ ಹೇಳದೆ ಅವಳ ತಲೆಯ ಮೇಲೆ ಕೈಯಿಟ್ಟರು. ನಾವು ಮೂವರೂ ನೇರಳೆಯ ಬಟ್ಟಲು ಖಾಲಿಯಾಗುವವರೆಗೆ ಕಾದೆವು.

ಮೂರಕ್ಕೆ ಹೊರಟೆವು. ದಾರಿಯುದ್ದಕ್ಕೂ ನೇರಳೆ ಮಗಳ ತೊಡೆಯ ಮೇಲೆ ಗಲ್ಲವಿಟ್ಟು ನಿದ್ದೆ ಹೋಗಿದ್ದಳು. ಕೆಂಗೇರಿಯ ಟ್ರಾಫಿಕ್ಕಿನ ಹಾರನ್ನುಗಳಿಗೂ ಎಚ್ಚರವಾಗಲಿಲ್ಲ.

ರಾತ್ರಿ ಎಂಟು. ಪ್ರವಾಸದ ಕೊನೆಯ ಕೆಲಸ ಬಾಕಿಯಿದೆ. ನಡುಮನೆಯಲ್ಲಿ ಬೆಡ್‌ಶೀಟು ಹಾಸಿ ನೇರಳೆಯನ್ನು ಮಲಗಿಸಿದ್ದೇವೆ. ಮಗಳು ಮೊಬೈಲ್ ಟಾರ್ಚು ಹಿಡಿದಿದ್ದಾಳೆ, ನಾನು ಕೂದಲನ್ನು ಎದುರು ದಿಕ್ಕಿಗೆ ಸವರುತ್ತ ಹೋಗುತ್ತೇನೆ. ಕಿವಿಯ ಮಡಿಕೆ, ಕುತ್ತಿಗೆಪಟ್ಟಿಯ ಕೆಳಗೆ, ಕಂಕುಳು, ಬೆರಳ ಸಂದು: ಉಣ್ಣೆ ಅಡಗುವ ಜಾಗಗಳು. ಉಣ್ಣೆ ಜ್ವರ ಹಿಡಿದರೆ ನಾಯಿ ಅನ್ನ ನೀರು ಬಿಡುತ್ತದೆ. ಪಕ್ಕದ ಬೀದಿಯವರು ಒಂದು ನಾಯಿಯನ್ನು ಹಾಗೆ ಕಳೆದುಕೊಂಡದ್ದನ್ನು ನೋಡಿದ್ದೇನೆ. ಎಡಗಿವಿಯ ಹಿಂದೆ ಒಂದು ಸಿಕ್ಕಿತು, ಎಳ್ಳಿಗಿಂತ ಸ್ವಲ್ಪ ದೊಡ್ಡದು. ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು, ತಿರುಚದೆ ನೇರ ಎಳೆದೆ. ತಲೆ ಒಳಗೆ ಉಳಿಯಲಿಲ್ಲ.

ಮಿಕ್ಕದ್ದೆಲ್ಲ ಉತ್ತರಾಣಿ. ಹಿಂಗಾಲಿನ ಕೂದಲಿನಲ್ಲಿ, ಬಾಲದ ಕೆಳಗೆ, ಹೊಟ್ಟೆಯ ಅಂಚಿನಲ್ಲಿ ಆ ಬದುವಿನ ಮುಳ್ಳುಬೀಜಗಳು ತಲೆಕೆಳಗಾಗಿ ಕಚ್ಚಿಕೊಂಡಿವೆ. ಮಗಳು ಒಂದೊಂದನ್ನೇ ಬಿಡಿಸಿ ಪೇಪರಿನ ಮೇಲೆ ಇಡುತ್ತಿದ್ದಾಳೆ, ಎಣಿಸುತ್ತಿದ್ದಾಳೆ. ಇಪ್ಪತ್ತಮೂರು. ಇಪ್ಪತ್ತನಾಲ್ಕು. ನೇರಳೆ ಕಣ್ಣು ತೆರೆಯದೆಯೇ ಇನ್ನೊಂದು ಮಗ್ಗುಲಿಗೆ ಹೊರಳಿ, ಮಿಕ್ಕ ಅರ್ಧವನ್ನೂ ನಮ್ಮ ಮುಂದಿಟ್ಟಳು.