ತಲಕಾವೇರಿಯ ದಾರಿಯಲ್ಲಿ ಒಂದು ಹಳೆಯ ಯೆಜ್ಡಿ

ಮೈಸೂರಿನಿಂದ ಮಡಿಕೇರಿಗೆ ಸುಮಾರು ೧೨೦ ಕಿಲೋಮೀಟರುಗಳ ದಾರಿ. ಇಲವಾಲ, ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ ಇವುಗಳನ್ನು ದಾಟಿ ಕುಶಾಲನಗರದಲ್ಲಿ ಕಾವೇರಿಯನ್ನು ಹಾಯ್ದು ಅದು ಬೆಟ್ಟವನ್ನೇರುತ್ತದೆ. ಬಸ್ಸಿನಲ್ಲಿ ಕುಳಿತು ಈ ದಾರಿಯನ್ನು ಕಂಡವರು ಬಹುಮಂದಿ. ಆದರೆ ಬಸ್ಸಿನವನಿಗೆ ಕಾಣುವುದು ಕಿಟಕಿಯಾಚೆಯ ಮರಗಳು, ಹೊಲಗಳು, ದಾರಿಯಲ್ಲ. ಮೋಟಾರು ಸೈಕಲ್ಲಿನ ಮೇಲೆ ಕುಳಿತವನಿಗೆ ಮೊದಲು ತಿಳಿಯುವುದೇ ದಾರಿ. ಎಲ್ಲಿ ಟಾರು ಹೊಸದು, ಎಲ್ಲಿ ತೇಪೆ ಹಾಕಿದೆ, ಯಾವ ಮೋರಿಯ ಬಳಿ ನೆಲ ಕುಸಿದಿದೆ ಎಂಬುದೆಲ್ಲವೂ ಅವನ ಬೆನ್ನಿಗೆ ಕಣ್ಣಿಗಿಂತ ಮುಂಚಿತವಾಗಿ ಗೊತ್ತಾಗುವುದು. ಹಿಂದೆ ಕುಳಿತವರಿಗಂತೂ ಇನ್ನೂ ಚೆನ್ನಾಗಿ ಗೊತ್ತಾಗುವುದು. ಏಕೆಂದರೆ ಹಿಂದಿನ ಚಕ್ರವು ಅವರ ಆಸನದ ಕೆಳಗೇ ಇರುತ್ತದೆ.

೨೦೨೨ನೆಯ ನವೆಂಬರು ತಿಂಗಳ ಕೊನೆಯ ವಾರದಲ್ಲಿ ನಮ್ಮ ತಾಯಿಯವರು ತಲಕಾವೇರಿಗೆ ಹೋಗಬೇಕೆಂದರು. ತುಲಾ ಸಂಕ್ರಮಣದ ಜನಸಂದಣಿ ಕಳೆದಿತ್ತು. ಅವರಿಗೆ ಅರುವತ್ತೆಂಟು ವರ್ಷ. ಬೆನ್ನಿನ ಕೆಳಭಾಗದಲ್ಲಿ ಹಳೆಯ ನೋವೊಂದುಂಟು. ಬಸ್ಸಿದೆ, ಕಾರಿದೆ ಎಂದು ಮನೆಯವರೆಲ್ಲರೂ ಹೇಳಿನೋಡಿದರು. ಆದರೆ ತಂದೆಯವರು ೧೯೮೬ರಲ್ಲಿ ಕೊಂಡ ಯೆಜ್ಡಿಯ ಮೇಲೆಯೇ ಅವರು ಅಷ್ಟು ವರ್ಷ ಆ ಯಾತ್ರೆಯನ್ನು ಮಾಡಿದ್ದರು. ತಂದೆಯವರು ತೀರಿಕೊಂಡ ಮೇಲೆ ಒಂದು ಸಲವಾದರೂ ಅದರ ಮೇಲೆಯೇ ಹೋಗಿಬರಬೇಕೆಂಬುದು ಅವರ ಆಸೆ. ಇಂತಹ ಆಸೆಯ ಮುಂದೆ ವಾದ ನಡೆಯುವುದಿಲ್ಲ.

ಈ ಗಾಡಿಯ ವಿಷಯವಾಗಿ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆಯಿದ್ದುದನ್ನು ಹಿರಿಯ ವಾಚಕರು ಬಲ್ಲರು. ೧೯೬೦ರಲ್ಲಿ ಸ್ಥಾಪಿತವಾಗಿ, ಮರುವರ್ಷ ಗಾಡಿಗಳನ್ನು ಹೊರತಂದು, ೧೯೯೬ರಲ್ಲಿ ಮುಚ್ಚಿಹೋದ ಆ ಕಾರ್ಖಾನೆಯಲ್ಲಿ ಮೊದಲು ಜಾವಾ, ಆಮೇಲೆ ಯೆಜ್ಡಿ ಎಂಬ ಹೆಸರಿನ ಗಾಡಿಗಳು ತಯಾರಾದುವು. ನಮ್ಮದು ೨೫೦ ಸಿ.ಸಿ.ಯ ರೋಡ್‌ಕಿಂಗ್. ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕಾದ ಎಂಜಿನು. ಒದ್ದು ಹೊರಡಿಸುವ ಸನ್ನೆಯೇ ಗೇರು ಬದಲಿಸುವ ಸನ್ನೆಯೂ ಆಗಿರುವ ವಿಚಿತ್ರ ರಚನೆ. ಮೂಲದ ಜಾವಾ ಪ್ರಾಗ್ ನಗರದ್ದು. ೧೯೨೯ರಲ್ಲಿ ಯಾನೆಚೆಕ್ ಎಂಬವನು ವಾಂಡರರ್ ಎಂಬ ಜರ್ಮನ್ ಗಾಡಿಯ ಹಕ್ಕನ್ನು ಕೊಂಡು, ತನ್ನ ಹೆಸರಿನ ಮೊದಲಕ್ಷರಗಳನ್ನೂ ಅದರ ಮೊದಲಕ್ಷರಗಳನ್ನೂ ಜೋಡಿಸಿ ಆ ಹೆಸರನ್ನಿಟ್ಟನು.

ಆ ಜೆಕ್ ಜನರು ತಮ್ಮ ಗಾಡಿಗಳಿಗೆ ಎಂಜಿನಿನಿಂದಲ್ಲ, ಸ್ಪ್ರಿಂಗಿನಿಂದ ಹೆಸರಿಟ್ಟರೆಂಬುದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ. ೧೯೪೬ರಲ್ಲಿ ಪ್ರಕಟವಾದ ಜಾವಾಕ್ಕೆ ಹಿಂದಿನ ಚಕ್ರದ ಎರಡು ಪಕ್ಕಗಳಲ್ಲಿಯೂ ಸ್ಪ್ರಿಂಗುಗಳಿದ್ದುವು. ಜರ್ಮನರು ಪ್ರಾಗ್ ನಗರವನ್ನು ಆಕ್ರಮಿಸಿದ್ದ ಕಾಲದಲ್ಲಿ, ಕಾಲಿಗೆ ಸ್ಪ್ರಿಂಗು ಕಟ್ಟಿಕೊಂಡು ಮನೆಯಿಂದ ಮನೆಗೆ ನೆಗೆಯುವ ಒಬ್ಬ ಮಾಯಾವಿ ಪುರುಷನ ಕಥೆ ಆ ಊರಿನಲ್ಲಿ ಹಬ್ಬಿತ್ತು. ಅವನ ಹೆಸರು ಪೇರಾಕ್. ಗಾಡಿಗೂ ಅದೇ ಹೆಸರಾಯಿತು. ೧೯೫೪ರಲ್ಲಿ ಹಿಂದಿನ ಚಕ್ರವನ್ನು ತೂಗುವ ಕವಲಿಗೆ ಸಿಕ್ಕಿಸಿ, ಅದಕ್ಕೂ ಚೌಕಟ್ಟಿಗೂ ನಡುವೆ ಎರಡು ಷಾಕ್ ಅಬ್ಸಾರ್ಬರುಗಳನ್ನು ನಿಲ್ಲಿಸಿದರು. ಜನರು ಅದನ್ನು ಕೀವಾಚ್ಕಾ, ಎಂದರೆ ತೂಗಾಡುವುದು, ಎಂದರು. ಮೈಸೂರಿನಲ್ಲಿ ಮೊದಲು ತಯಾರಾದದ್ದು ಈ ತಳಿಯೇ. ನಮ್ಮ ಮೇಸ್ತ್ರಿಗಳು ಷಾಕ್ ಅಬ್ಸಾರ್ಬರನ್ನು ‘ಷಾಕಪ್ಸರು’ ಎನ್ನುತ್ತಾರೆ. ಅದರಲ್ಲಿ ಅಪ್ಸರೆಯೊಬ್ಬಳು ಅಡಗಿರುವಂತೆ ಕೇಳಿಸುವುದಾದರೂ, ಕೆಟ್ಟಾಗ ಅದರ ನೃತ್ಯವು ನೋಡುವಂತಹುದಲ್ಲ.

ಬೆಳಗಿನ ಆರು ಗಂಟೆಗೆ ಹೊರಟೆವು. ಇಲವಾಲದವರೆಗೆ ಮಂಜು. ಹುಣಸೂರಿನಲ್ಲಿ ಲಕ್ಷ್ಮಣತೀರ್ಥದ ಸೇತುವೆಯನ್ನು ದಾಟಿ ಇಡ್ಲಿ ಕಾಫಿಗಳನ್ನು ಮುಗಿಸಿದೆವು. ಅಲ್ಲಿಂದ ಮುಂದೆ ಪಿರಿಯಾಪಟ್ಟಣದವರೆಗೆ ಹೊಗೆಸೊಪ್ಪಿನ ಸೀಮೆ. ಎಲೆಯನ್ನು ಹದಮಾಡುವ ಎತ್ತರದ ಕೋಣೆಗಳು ಹೊಲಗಳ ನಡುವೆ ಕಿಟಕಿಯಿಲ್ಲದ ಮನೆಗಳಂತೆ ನಿಂತಿರುತ್ತವೆ. ಪಿರಿಯಾಪಟ್ಟಣವು ಕಳೆದ ಮೇಲೆ ತಾಯಿಯವರು ನನ್ನ ಭುಜವನ್ನು ತಟ್ಟಿ, “ಇದರ ಹಿಂದು ಹೀಗೆ ತೂಗುತ್ತಿರಲಿಲ್ಲ” ಎಂದರು. ಮತ್ತೊಂದು ಉಬ್ಬು ಬಂತು. ಗಾಡಿಯು ಒಂದು ಸಲ ಎದ್ದು ಇಳಿದು ಸುಮ್ಮನಾಗುವ ಬದಲು ಎದ್ದು, ಇಳಿದು, ಪುನಃ ಎದ್ದು, ಮೂರನೆಯ ಸಲಕ್ಕೆ ನಿಂತಿತು. ಹೊರಡುವ ಮುನ್ನ ಮೈಸೂರಿನಲ್ಲಿ ನಾನೊಬ್ಬನೇ ಓಡಿಸಿ ನೋಡಿದ್ದಾಗ ಇಂತಹ ಲಕ್ಷಣವೇನೂ ಇರಲಿಲ್ಲ. ಇಬ್ಬರ ಭಾರ, ಮೇಲೆ ಗಂಟುಮೂಟೆ, ನೂರಾರು ಉಬ್ಬುಗಳು ಇವೆಲ್ಲ ಸೇರಿದಾಗ, ಜೀರ್ಣವಾಗಿದ್ದ ರಬ್ಬರು ಆ ಬೆಳಗ್ಗೆ ಕೈಬಿಟ್ಟಿತ್ತು.

ಕೊಪ್ಪದ ಬಳಿ ಒಂದು ಆಲದ ನೆರಳಿನಲ್ಲಿ ಗಾಡಿಯನ್ನು ನಿಲ್ಲಿಸಿ ನೋಡಿದೆ. ಪರೀಕ್ಷೆ ಸುಲಭವಾದುದು, ಯಾವ ಗೃಹಸ್ಥನೂ ಮಾಡಬಹುದು. ಆಸನದ ಹಿಂಭಾಗವನ್ನು ಎರಡು ಕೈಗಳಿಂದ ಬಲವಾಗಿ ಒತ್ತಿ ಬಿಟ್ಟುಬಿಡಬೇಕು. ಆರೋಗ್ಯವಾದ ಗಾಡಿ ಒಮ್ಮೆ ಮೇಲೆದ್ದು ನಿಲ್ಲುತ್ತದೆ. ಜೀರ್ಣವಾದುದು ತೊಟ್ಟಿಲಿನಂತೆ ತೂಗುತ್ತದೆ. ಬಳಿಕ ಬಗ್ಗಿ ಸರಳನ್ನು ನೋಡಬೇಕು. ಬಲಗಡೆಯ ಸರಳು ಒಣಗಿತ್ತು. ಎಡಗಡೆಯದರ ಮೇಲೆ ಹಸಿ ಎಣ್ಣೆ. ಅದಕ್ಕೆ ಕೆಂಧೂಳು ಮೆತ್ತಿ ಕುಂಕುಮ ಕಲಸಿದಂತಾಗಿತ್ತು.

ಇದರ ಒಳಗುಟ್ಟನ್ನು ಅನೇಕರು ತಪ್ಪಾಗಿ ತಿಳಿಯುತ್ತಾರೆ. ಹೊರಗೆ ಕಾಣುವ ಸುರುಳಿ ಸ್ಪ್ರಿಂಗು ಭಾರವನ್ನು ಹೊರುತ್ತದೆ, ಅಷ್ಟೆ. ಅದಕ್ಕೆ ಉಬ್ಬಿನ ಪೆಟ್ಟನ್ನು ನುಂಗುವ ಶಕ್ತಿಯಿಲ್ಲ. ಪೆಟ್ಟನ್ನು ಪಡೆದುಕೊಂಡು ಹಾಗೆಯೇ ಹಿಂದಕ್ಕೆ ಕೊಡುತ್ತದೆ. ನುಂಗುವ ಕೆಲಸ ಒಳಗಿನ ಎಣ್ಣೆಯದು. ಕೊಳವೆಯಲ್ಲಿ ಎಣ್ಣೆ ತುಂಬಿರುತ್ತದೆ. ಸರಳಿನ ತುದಿಯಲ್ಲಿ ಸಣ್ಣ ರಂಧ್ರಗಳುಳ್ಳ ಒಂದು ಕೊಂತವಿರುತ್ತದೆ. ಚಕ್ರವು ಮೇಲೆ ಕೆಳಗೆ ಆಡಿದಾಗ ಎಣ್ಣೆಯು ಆ ರಂಧ್ರಗಳಲ್ಲಿ ಪ್ರಯಾಸದಿಂದ ನುಸುಳಬೇಕಾಗುವುದು. ಆ ಪ್ರಯಾಸದಲ್ಲಿ ಆಟದ ವೇಗವು ಶಾಖವಾಗಿ ಮಾರ್ಪಟ್ಟು ಗಾಳಿಗೆ ಹೋಗುತ್ತದೆ. ಸರಳಿನ ಸುತ್ತಲಿನ ರಬ್ಬರು ಸವೆದು ಎಣ್ಣೆ ಹೊರಬಿದ್ದರೆ ಉಳಿಯುವುದು ಬರಿಯ ಸ್ಪ್ರಿಂಗು. ಆಗ ಬೆನ್ನಿಗೆ ನೋವಾಗುವುದೊಂದೇ ಕೇಡಲ್ಲ. ಚಕ್ರವು ಕ್ಷಣಕ್ಷಣಕ್ಕೂ ನೆಲವನ್ನು ಬಿಟ್ಟು ನೆಗೆಯುತ್ತದೆ. ನೆಲವನ್ನು ಬಿಟ್ಟ ಚಕ್ರಕ್ಕೆ ಬ್ರೇಕು ಹಾಕಿ ಫಲವಿಲ್ಲ. ತಿರುವಿನಲ್ಲಿ ಅದು ನೆಗೆದರೆ ಗಾಡಿ ಹೊರಕ್ಕೆ ಜಾರುವುದು.

ಮುಂದಿದ್ದುದು ಸುಂಟಿಕೊಪ್ಪದ ಏರು, ಮಡಿಕೇರಿಯಿಂದಾಚೆಯ ತಿರುವುಗಳು, ಭಾಗಮಂಡಲದಿಂದ ತಲಕಾವೇರಿಗೆ ಎಂಟು ಕಿಲೋಮೀಟರಿನ ಬೆಟ್ಟದ ದಾರಿ. ಮರಳುವಾಗ ಅಷ್ಟನ್ನೂ ಇಳಿಯಬೇಕು. ತಾಯಿಯವರನ್ನು ಹಿಂದೆ ಕೂರಿಸಿಕೊಂಡು ಇದನ್ನು ಮಾಡತಕ್ಕುದಲ್ಲ ಎಂದು ನಿಶ್ಚಯಿಸಿದೆ. ದಾರಿಯಲ್ಲಿ ಸಿಕ್ಕ ಯುವಕನೊಬ್ಬನು, ಸ್ಪ್ರಿಂಗನ್ನು ಬಿಗಿಮಾಡಿದರೆ ಸರಿಹೋಗುವುದೆಂದು ಬಹು ವಿಶ್ವಾಸದಿಂದ ಸಲಹೆಯಿತ್ತನು. ಇದು ಊರೂರಿನಲ್ಲಿಯೂ ಕೇಳಿಬರುವ ಸಲಹೆ, ಮತ್ತು ಕೆಟ್ಟ ಸಲಹೆ. ಸ್ಪ್ರಿಂಗನ್ನು ಬಿಗಿಮಾಡಿದರೆ ಗಾಡಿಯು ಹಿಂದೆ ಕೊಂಚ ಎತ್ತರವಾಗುವುದೇ ಹೊರತು ಹೋದ ಎಣ್ಣೆಯು ಬಾರದು. ನೆಗೆತವು ಉಳಿದೇ ಉಳಿಯುವುದು.

ಸೇತುವೆಯನ್ನು ಮೆಲ್ಲನೆ ದಾಟಿ ಕುಶಾಲನಗರವನ್ನು ಸೇರಿದೆವು. ಬ್ರಿಟಿಷರ ಕಾಲದಲ್ಲಿ ಫ್ರೇಸರ್‌ಪೇಟೆಯೆನಿಸಿಕೊಂಡಿದ್ದ ಈ ಊರು ಕೊಡಗಿನ ಹೆಬ್ಬಾಗಿಲು. ಪೇಟೆಯ ಹಿಂದಿನ ಬೀದಿಯಲ್ಲಿ ಒಬ್ಬ ವೃದ್ಧ ಮೇಸ್ತ್ರಿಯ ತಗಡಿನ ಅಂಗಡಿ ಸಿಕ್ಕಿತು. ಅವರು ಗಾಡಿಯನ್ನು ನೋಡುವ ಮೊದಲು ತಾಯಿಯವರಿಗೆ ಒಂದು ಸ್ಟೂಲನ್ನು ಹಾಕಿಸಿದರು. ಬಳಿಕ, “ಒಂದನ್ನೇ ಹಾಕಿದರೆ ನಾನು ಮುಟ್ಟುವುದಿಲ್ಲ. ಜೋಡಿಯಾಗಿಯೇ ಹಾಕಬೇಕು” ಎಂದರು. ಕೆಲಸಗಾರನು ಹಣಕ್ಕಾಗಿ ಹೀಗೆ ಹೇಳುವನೆಂದು ಶಂಕಿಸುವವರುಂಟು. ಆದರೆ ಇದರಲ್ಲಿ ನ್ಯಾಯವಿದೆ. ಒಂದು ಪಕ್ಕ ಹೊಸದು ಬಿಗಿಯಾಗಿ, ಇನ್ನೊಂದು ಪಕ್ಕ ಹಳೆಯದು ಸಡಿಲವಾಗಿದ್ದರೆ ತೂಗುವ ಕವಲನ್ನು ಎರಡು ಕಡೆಗಳಿಂದ ಬೇರೆಬೇರೆಯಾಗಿ ತಿರುಚಿದಂತಾಗಿ, ತಿರುವಿನಲ್ಲಿ ಗಾಡಿಯ ಹಿಂಭಾಗವು ಹಾವಿನಂತೆ ಆಡುವುದು.

ಹಳೆಯ ಗಾಡಿಯ ಸಾಮಾನು ಅಲ್ಲಿ ದೊರೆಯಲಿಲ್ಲ. ಮೈಸೂರಿಗೆ ಫೋನು ಮಾಡಿ, ಒಂದು ಜೋಡಿಯನ್ನು ಬಸ್ಸಿನಲ್ಲಿ ಕಳುಹಿಸುವಂತೆ ಏರ್ಪಾಡು ಮಾಡಿದರು. ಅದು ಬರುವವರೆಗೆ ನಾವು ಆಟೋರಿಕ್ಷಾದಲ್ಲಿ ಬೈಲಕುಪ್ಪೆಗೆ ಹಿಂದಿರುಗಿ, ಟಿಬೆಟನ್ನರ ನಾಮ್‌ಡ್ರೋಲಿಂಗ್ ವಿಹಾರದ ಚಿನ್ನದ ಲೇಪದ ಬುದ್ಧಮೂರ್ತಿಗಳನ್ನು ನೋಡಿ ಬಂದೆವು. ೧೯೬೧ರಲ್ಲಿ ಅಲ್ಲಿ ನೆಲಸಿದ ಆ ಜನರು ಈಗ ಕನ್ನಡದಲ್ಲಿಯೇ ಚೌಕಾಸಿಗೆ ಉತ್ತರ ಕೊಡುತ್ತಾರೆ. ನೂರು ನೂರು ಮಂದಿ ಭಿಕ್ಷುಗಳ ಪಠಣವನ್ನು ಕೇಳುತ್ತಾ ತಾಯಿಯವರು ಕಂಬಕ್ಕೆ ಬೆನ್ನಾನಿಸಿ ಅರ್ಧ ಗಂಟೆ ಕುಳಿತರು. ಬೆನ್ನಿಗೂ ಅದು ಬೇಕಾಗಿತ್ತು.

ಮಧ್ಯಾಹ್ನ ಸಾಮಾನು ಬಂತು. ಮೇಸ್ತ್ರಿಗಳು ಮೊದಲು ಹೊಸದನ್ನೂ ಹಳೆಯದನ್ನೂ ಪಕ್ಕದಲ್ಲಿ ಹಿಡಿದು ಕಣ್ಣಿನಿಂದ ಕಣ್ಣಿಗೆ ಉದ್ದವನ್ನು ಅಳೆದರು. ಕಣ್ಣೆಂದರೆ ಎರಡು ತುದಿಗಳ ಬಳೆಗಳು. ಉದ್ದವು ಹೆಚ್ಚು ಕಡಮೆಯಾದರೆ ಗಾಡಿಯ ನಿಲುವೂ ಸರಪಳಿಯ ಬಿಗುವೂ ಕೆಡುವುವು. ಬಳೆಯೊಳಗಿನ ಉಕ್ಕಿನ ತೋಳು ಚೌಕಟ್ಟಿನ ಗೂಟಕ್ಕೆ ಸರಿಹೊಂದುವುದೇ ಎಂದೂ ನೋಡಿದರು. ಗಾಡಿಯನ್ನು ನಡುನಿಲುವಿನ ಮೇಲೆ ನಿಲ್ಲಿಸಿ, ಹಿಂದಿನ ಚಕ್ರದ ಕೆಳಗೆ ಮರದ ತುಂಡೊಂದನ್ನು ಸೇರಿಸಿದರು. ಷಾಕನ್ನು ಕಳಚಿದಾಗ ಚಕ್ರವು ಕೆಳಕ್ಕೆ ಬೀಳಬಾರದಷ್ಟೆ. ತುಕ್ಕು ಹಿಡಿದ ನಟ್ಟುಗಳಿಗೆ ತೆಳುವಾದ ಎಣ್ಣೆ ಬಿಟ್ಟು ಬೀಡಿಯೊಂದು ಮುಗಿಯುವವರೆಗೆ ಕಾದರು. ಈ ಕಾಯುವಿಕೆಯೇ ಕೆಲಸದ ಅರ್ಧ ಭಾಗವೆಂದು ನನಗೆ ತೋರುತ್ತದೆ. ಅವಸರದಿಂದ ತಿರುಚಿ ಗೂಟವನ್ನು ಮುರಿದರೆ, ಒಂದು ಗಂಟೆಯ ಕೆಲಸ ಒಂದು ವಾರದ್ದಾಗುವುದು.

ಎರಡನ್ನೂ ಒಟ್ಟಿಗೆ ಕಳಚಲಿಲ್ಲ. ಎಡಗಡೆಯದನ್ನು ತೆಗೆಯುವಾಗ ಬಲಗಡೆಯದು ಕವಲನ್ನು ಅದರ ಸ್ಥಾನದಲ್ಲಿಯೇ ಹಿಡಿದಿರುತ್ತದೆ. ಹೊಸದು ತಾನಾಗಿ ಗೂಟಕ್ಕೆ ಎದುರಾಗಿ ನಿಲ್ಲುತ್ತದೆ. ಗೂಟಗಳನ್ನು ಉಜ್ಜಿ ತೆಳುವಾಗಿ ಗ್ರೀಸು ಹಚ್ಚಿ, ಹೊಸ ರಬ್ಬರು ಬುಷ್ಷುಗಳೊಡನೆ ಷಾಕನ್ನು ತೂರಿಸಿ, ವಾಷರನ್ನೂ ನಟ್ಟನ್ನೂ ಬೆರಳಿನಿಂದಷ್ಟೇ ಬಿಗಿಮಾಡಿದರು. ಬಲಗಡೆಗೂ ಹಾಗೆಯೇ. ಬಳಿಕ ಗಾಡಿಯನ್ನು ನೆಲಕ್ಕಿಳಿಸಿ, ನನ್ನನ್ನು ಆಸನದ ಮೇಲೆ ಕುಳ್ಳಿರಿಸಿ, ಆಮೇಲೆ ಸ್ಪ್ಯಾನರು ಹಾಕಿದರು. ಇದಕ್ಕೆ ಕಾರಣ ಕೇಳಿದೆ. ಚಕ್ರವು ತೂಗಾಡುತ್ತಿರುವಾಗ ಬಿಗಿದರೆ ರಬ್ಬರು ಆ ಭಂಗಿಯಲ್ಲಿಯೇ ಸಿಕ್ಕಿಬಿದ್ದು, ಭಾರ ಬಿದ್ದಾಗಲೆಲ್ಲ ತಿರುಚಿಕೊಂಡು ಬೇಗ ಹರಿಯುವುದಂತೆ. ಪುಸ್ತಕದಲ್ಲಿ ಅರ್ಧ ಪುಟ ಬರೆಯುವ ವಿಷಯವನ್ನು ಅವರು ಒಂದು ಮಾತಿನಲ್ಲಿ ಮುಗಿಸಿದರು. ಸ್ಪ್ರಿಂಗಿನ ಬುಡದಲ್ಲಿ ಬಿಗುವನ್ನು ಹೆಚ್ಚಿಸುವ ಐದು ಮೆಟ್ಟಿಲುಗಳಿದ್ದುವು; ಎರಡು ಪಕ್ಕಗಳಲ್ಲಿಯೂ ಮೂರನೆಯದಕ್ಕೆ ಸಮನಾಗಿ ನಿಲ್ಲಿಸಿ, ಸರಪಳಿಯ ಸಡಿಲವನ್ನು ನೋಡಿ, ಸೈಲೆನ್ಸರಿಗೆ ಏನೂ ತಗುಲುತ್ತಿಲ್ಲವೆಂದು ಕೈಯಾಡಿಸಿ ಖಚಿತಪಡಿಸಿಕೊಂಡರು. ಹಳೆಯದನ್ನು ಬಿಚ್ಚಿ ಒಳಗೆ ನೋಡಬೇಕೆಂದು ಅಂಗಡಿಯ ಹುಡುಗನು ಸುತ್ತಿಗೆಯನ್ನೆತ್ತಿಕೊಂಡಾಗ ಗದರಿಸಿ ತಡೆದರು. ಅದುಮಿದ ಸ್ಪ್ರಿಂಗು ಹಿಡಿತ ತಪ್ಪಿ ಹಾರಿದರೆ ಹಲ್ಲನ್ನೋ ಕಣ್ಣನ್ನೋ ತೆಗೆಯಬಲ್ಲುದು.

ಕೊನೆಗೆ ತಾಯಿಯವರೇ ಎದ್ದು ಬಂದು ಆಸನವನ್ನು ಒತ್ತಿ ಬಿಟ್ಟರು. ಒಂದು ಸಲ ಎದ್ದು ನಿಂತಿತು. “ಈಗ ಸರಿ” ಎಂದರು.

ಆ ಸಂಜೆ ಮಡಿಕೇರಿಯನ್ನು ಸೇರಿ ತಂಗಿದೆವು. ಸುಂಟಿಕೊಪ್ಪದಿಂದ ಮುಂದೆ ಎರಡು ಕಡೆಗಳಲ್ಲಿಯೂ ಕಾಫಿಯ ತೋಟಗಳು. ಹಣ್ಣು ಅಲ್ಲೊಂದು ಇಲ್ಲೊಂದು ಕೆಂಪಾಗುತ್ತಿತ್ತು. ಮರುದಿನ ಬೆಳಗ್ಗೆ ಭಾಗಮಂಡಲದ ದಾರಿಯಲ್ಲಿ ಗದ್ದೆಗಳು ಹೊಂಬಣ್ಣವಾಗಿದ್ದುವು, ಹುತ್ತರಿಯು ಸಮೀಪಿಸಿತ್ತು. ಕಾವೇರಿ, ಕನ್ನಿಕೆ, ಸುಜ್ಯೋತಿಗಳ ಸಂಗಮದಲ್ಲಿ ಕಾಲು ತೊಳೆದು ಬೆಟ್ಟವನ್ನೇರಿದೆವು. ಬ್ರಹ್ಮಗಿರಿಯ ಮೈಮೇಲೆ ೨೦೨೦ನೆಯ ಆಗಸ್ಟಿನಲ್ಲಿ ಕುಸಿದ ಮಣ್ಣಿನ ಗಾಯವನ್ನು ನೋಡಿ ತಾಯಿಯವರು ಬಹಳ ಹೊತ್ತು ಮಾತನಾಡಲಿಲ್ಲ. ಕುಂಡಿಕೆಯ ಮುಂದೆ ಅವರು ತಂದೆಯವರ ಹೆಸರಿನಲ್ಲಿಯೂ ಒಂದು ಬೊಗಸೆ ತೀರ್ಥವನ್ನು ತೆಗೆದುಕೊಂಡರು.

ಇಳಿಯುವಾಗ ಗಾಳಿ ಜೋರಾಗಿತ್ತು, ದಾರಿ ಒದ್ದೆಯಾಗಿತ್ತು. ತಿರುವಿನಲ್ಲಿ ಬ್ರೇಕು ಹಿಡಿದರೆ ಹಿಂದಿನ ಚಕ್ರವು ನೆಲವನ್ನು ಕಚ್ಚಿಕೊಂಡೇ ಬರುತ್ತಿತ್ತು. ನನ್ನ ಭುಜದ ಮೇಲಿನ ಕೈಯಲ್ಲಿ ಹಿಂದಿನ ದಿನದ ಬಿಗಿತವಿರಲಿಲ್ಲ. ಭಾಗಮಂಡಲದಲ್ಲಿ ಜೇನುತುಪ್ಪವನ್ನು ಕೊಂಡು, ಕುಶಾಲನಗರದಲ್ಲಿ ಮೇಸ್ತ್ರಿಗಳ ಅಂಗಡಿಯ ಮುಂದೆ ನಿಲ್ಲಿಸಿದೆವು; ಹೊಸ ಬುಷ್ಷುಗಳು ಕೂತುಕೊಂಡ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ನೋಡಬೇಕೆಂದು ಅವರು ಹೇಳಿದ್ದರು. ನಾಲ್ಕರಲ್ಲಿ ಮೂರು ಬಿಗಿಯಾಗಿದ್ದುವು. ಎಡಗಡೆಯ ಕೆಳಗಿನದು ಕಾಲು ಸುತ್ತು ತೆಗೆದುಕೊಂಡಿತು. ಅದಕ್ಕೆ ಅವರು ಕಾಸನ್ನು ಮುಟ್ಟಲಿಲ್ಲ. ಜೇನಿನ ಒಂದು ಸೀಸೆಯನ್ನು ಮಾತ್ರ ತೆಗೆದುಕೊಂಡರು.