ಮಲಪ್ರಭೆಯ ದಂಡೆಯಲ್ಲಿ ಬೀಟಲ್ಸ್ ಜಗಳ

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ. ಈ ನಾಲ್ಕೂ ಊರುಗಳನ್ನು ಎರಡು ದಿನದಲ್ಲಿ ಆರಾಮಾಗಿ ನೋಡಿ ಬರಬಹುದು. ಧಾರವಾಡದಿಂದ ಬೆಳಗಾವಿ ಹೆದ್ದಾರಿ ಹಿಡಿದರೆ ಮೊದಲು ಕಿತ್ತೂರು. ಅಲ್ಲಿಂದ ಬಲಕ್ಕೆ ಹೊರಳಿದರೆ ಬೈಲಹೊಂಗಲ, ಮುಂದೆ ಸವದತ್ತಿ, ಕೊನೆಗೆ ರಾಮದುರ್ಗ. ಮಲಪ್ರಭಾ ಹೊಳಿ ದಾರಿಯಲ್ಲಿ ಒಮ್ಮೆ ಕಾಣ್ತದೆ, ಒಮ್ಮೆ ಮರೆಯಾಗ್ತದೆ. ಜನ ಇಲ್ಲಿಗೆ ಕೋಟೆ, ಸಮಾಧಿ, ಗುಡ್ಡ, ಜಾತ್ರೆ ಅಂತ ಬರ್ತಾರೆ. ಈ ಸಲ ನಾನು ಹಾಡಿನ ಬೆನ್ನು ಹತ್ತಿ ಹೋದೆ.

ಅದಕ್ಕೆ ಕಾರಣ ಅಣ್ಣನ ಮಕ್ಕಳು. ಅಕ್ಕನಿಗೆ ಬೀಟಲ್ಸ್, ಅಡೆಲ್, ಒಟ್ಟಿನಲ್ಲಿ ಬ್ರಿಟನ್ನಿನ ಹಾಡು ಬೇಕು. ತಮ್ಮನಿಗೆ ಎಲ್ವಿಸ್, ಬಾಬ್ ಡಿಲನ್‌ನಿಂದ ಹಿಡಿದು ಇವತ್ತಿನ ರ‍್ಯಾಪ್‌ವರೆಗೆ ಅಮೆರಿಕದ್ದೇ ಆಗಬೇಕು. ಕಾರು ಹತ್ತಿದಾಗಿನಿಂದ ಜಗಳ. "ಅತ್ತೀ, ನೀನ ಹೇಳು, ಯಾರ ಹಾಡು ದೊಡ್ಡದು?" ಅಂತ ಇಬ್ಬರೂ ನನ್ನನ್ನೇ ಪಂಚರನ್ನಾಗಿ ಮಾಡಿದರು. "ದಾರಿಯೊಳಗ ನಮ್ಮ ಹಾಡಿನ ಊರು ಬರ್ತಾವ, ಅವನ್ನ ನೋಡಿಕೋತ ಹೇಳ್ತೇನಿ ನಡೀರಿ" ಅಂದೆ.

ಕಿತ್ತೂರಿನಲ್ಲಿ ಕೋಟೆಯ ಒಳಗೆ ಅರಮನೆಯ ಮುರುಕು ಗೋಡೆಗಳಿವೆ. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ದಂಡು ಇಲ್ಲಿ ಇಂಗ್ಲಿಷರನ್ನು ಸೋಲಿಸಿತು, ಕಲೆಕ್ಟರ್ ಥ್ಯಾಕರೆ ಸತ್ತ. ಆದರೆ ಆ ಗೆಲುವು ಬಹಳ ದಿನ ಉಳಿಯಲಿಲ್ಲ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು ನಮ್ಮವರೇ ಹಿಡಿದುಕೊಟ್ಟರು, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಕಾಗದಪತ್ರದಲ್ಲಿ ಗೆದ್ದವರು ಇಂಗ್ಲಿಷರು. ಆದರೆ ಲಾವಣಿಯಲ್ಲಿ, ಗೀಗೀ ಪದದಲ್ಲಿ ಇವತ್ತಿಗೂ ಗೆದ್ದವರು ಚೆನ್ನಮ್ಮ ಮತ್ತು ರಾಯಣ್ಣ.

ಸೋತವರನ್ನು ಹಾಡಿನಲ್ಲಿ ಗೆಲ್ಲಿಸುವ ಈ ಚಾಳಿ ಅಲ್ಲಿಯೂ ಇದೆ. ಇಂಗ್ಲೆಂಡಿನಲ್ಲಿ ರಾಬಿನ್ ಹುಡ್‌ನ ಮೇಲೆ ಶತಮಾನಗಟ್ಟಲೆ ಕಥನಗೀತೆಗಳನ್ನು ಹಾಡಿದರು. ಅಮೆರಿಕದಲ್ಲಿ ಜೆಸ್ಸಿ ಜೇಮ್ಸ್ 1882ರಲ್ಲಿ ತನ್ನ ಗುಂಪಿನವನ ಗುಂಡಿಗೇ ಸತ್ತ. ಅವನು ಬ್ಯಾಂಕು, ರೈಲು ದೋಚಿದವನು, ನಮ್ಮ ರಾಯಣ್ಣನ ಜೊತೆ ಇಟ್ಟು ತೂಗುವ ಮನುಷ್ಯನಲ್ಲ. ಆದರೂ ದ್ರೋಹದಿಂದ ಸತ್ತವನಿಗೆ ಜನ ಹಾಡು ಕಟ್ಟುವ ರೀತಿ ಒಂದೇ. ಅಮೆರಿಕದವರು ಇದನ್ನು ಎಲ್ಲಿ ಕಲಿತರು? ಹಡಗು ಹತ್ತಿ ಹೋದ ಇಂಗ್ಲಿಷ್, ಸ್ಕಾಟಿಷ್, ಐರಿಷ್ ಅಜ್ಜಿಯರ ಬಾಯಿಂದ. "ಅಂದ್ರ ಮೂಲ ನಮ್ಮದ" ಅಂತ ಅಕ್ಕ ತಮ್ಮನ ತಲೆಗೊಂದು ಮೊಟಕಿದಳು.

ಬೈಲಹೊಂಗಲಕ್ಕೆ ಬಂದವರು ಚೆನ್ನಮ್ಮನ ಸಮಾಧಿಗೆ ಕೈ ಮುಗಿದೇ ಹೋಗ್ತಾರೆ. ಈ ಊರಿಗೆ ಇನ್ನೊಂದು ಹೆಸರೂ ಅಂಟಿಕೊಂಡಿದೆ, ಸಂಗ್ಯಾ ಬಾಳ್ಯಾ. 19ನೇ ಶತಮಾನದಲ್ಲಿ ಇಲ್ಲೇ ನಡೆದ ಕೊಲೆ ಅದು. ಶ್ರೀಮಂತ ಹುಡುಗ ಸಂಗ್ಯಾ, ಪರರ ಹೆಂಡತಿ ಗಂಗಾ, ನಡುವೆ ಗೆಳೆಯ ಬಾಳ್ಯಾನ ದ್ರೋಹ. ಈ ತಾಲೂಕಿನ ಬೈಲವಾಡದ ಪತ್ತಾರ ಮಾಸ್ತರರು ಇದನ್ನು ಸಣ್ಣಾಟ ಮಾಡಿದರು. ಮುಂದೆ ಚಂದ್ರಶೇಖರ ಕಂಬಾರರು ಅದನ್ನು ಪುಸ್ತಕಕ್ಕೆ ತಂದರು. ಅದಕ್ಕೂ ಮೊದಲು, 1880ರ ದಶಕದಲ್ಲಿ, ಮುಂಬಯಿ ಪ್ರಾಂತದ ಅಧಿಕಾರಿ ಜೆ. ಎಫ್. ಫ್ಲೀಟ್ ಸಾಹೇಬ ಸಂಗ್ಯಾನ ಲಾವಣಿಯನ್ನೂ ರಾಯಣ್ಣನ ಲಾವಣಿಯನ್ನೂ ಬರೆಸಿಕೊಂಡು 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ.

ಅದೇ ದಶಕದಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿ ಫ್ರಾನ್ಸಿಸ್ ಚೈಲ್ಡ್ ಎಂಬ ಪ್ರಾಧ್ಯಾಪಕರು ಇಂಗ್ಲೆಂಡ್, ಸ್ಕಾಟ್ಲೆಂಡಿನ 305 ಕಥನಗೀತೆಗಳನ್ನು ಕೂಡಿಸುತ್ತಿದ್ದರು. ಆಮೇಲೆ 1916ರಿಂದ 1918ರವರೆಗೆ ಸೆಸಿಲ್ ಶಾರ್ಪ್ ಎಂಬ ಇಂಗ್ಲಿಷರು ತಮ್ಮ ದೇಶದ ಹಳೆಯ ಹಾಡು ಹುಡುಕಿಕೊಂಡು ಅಮೆರಿಕದ ಅಪಲೇಶಿಯನ್ ಗುಡ್ಡಗಳಿಗೆ ಹೋದರು! ತವರಲ್ಲಿ ಮರೆತ ಹಾಡು ಗಂಡನ ಮನೆಯಲ್ಲಿ ಸಿಕ್ಕಂತೆ. ಇಂಗ್ಲೆಂಡಿನ ಒಂದು ಹಳೆಯ ಕೊಲೆಯ ಹಾಡು ಅಮೆರಿಕಕ್ಕೆ ಹೋಗಿ ಅಲ್ಲಿನ ನಾಕ್ಸ್‌ವಿಲ್ ಊರಿನ ಹುಡುಗಿಯ ಹಾಡಾಯಿತು. ಊರಿನ ಹೆಸರು ಬದಲಾಯಿತು, ಕಥೆ ಅದೇ ಉಳಿಯಿತು.

ಸವದತ್ತಿಗೆ ಬಂದಾಗ ಮಧ್ಯಾಹ್ನ. ಎಲ್ಲಮ್ಮನ ಗುಡ್ಡದಲ್ಲಿ ಭಂಡಾರದ ಹಳದಿ, ಪಡ್ಡಲಗಿ ಹೊತ್ತವರು, "ಉಧೋ ಉಧೋ" ಕೂಗು. ಕನ್ನಡದಷ್ಟೇ ಮರಾಠಿಯೂ ಕಿವಿಗೆ ಬೀಳ್ತದೆ. ಮೆಟ್ಟಿಲ ಪಕ್ಕ ಒಬ್ಬ ಹಿರಿಯ ಹೆಣ್ಣುಮಗಳು ಚೌಡಿಕೆ ಹಿಡಿದು ಹಾಡುತ್ತಿದ್ದಳು. ಒಂದೇ ತಂತಿ. ಅದರೊಳಗೇ ಶ್ರುತಿ, ಅದರೊಳಗೇ ತಾಳ. ಗಿಟಾರು ಕಲಿಯುತ್ತಿರುವ ಹುಡುಗ ಬಾಯಿ ತೆರೆದು ನಿಂತ. ಹಾಡು ಮುಗಿದ ಮೇಲೆ ಕೇಳಿದೆ, "ಈ ಪದ ಯಾರು ಬರದದ್ದರೀ ಯವ್ವಾ?"

"ಬರಿಯಾಕ ನಮಗೆಲ್ಲಿ ಬರತೈತ್ರಿ ಅಕ್ಕಾರ. ನಮ್ಮವ್ವ ಹಾಡತಿದ್ಲು, ನಾ ಹಾಡತೇನಿ" ಅಂದಳು.

ಜೋಗತಿಯರ ಬದುಕು ಹೂವಿನ ಹಾಸಿಗೆಯಲ್ಲ. ದೇವರ ಹೆಸರಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವುದನ್ನು ನಿಲ್ಲಿಸಲು ಕರ್ನಾಟಕದಲ್ಲಿ 1982ರಲ್ಲಿ ಕಾಯ್ದೆಯೇ ಬಂತು. ಆ ಪದ್ಧತಿ ಹೋಗಬೇಕಾದದ್ದೇ. ಆದರೆ ಅದನ್ನು ಅನುಭವಿಸಿದವರ ಬಾಯಲ್ಲಿದ್ದ ಹಾಡಿಗೆ ಬೆಲೆ ಕಟ್ಟಲು ನಾವು ತಡ ಮಾಡಿದೆವು. ಜೋಗತಿ ಕಲೆಯ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದದ್ದು 2021ರಲ್ಲಿ.

ಇಲ್ಲಿ ಮಕ್ಕಳಿಗೆ ಅಮೆರಿಕದ ಕಥೆ ಹೇಳಿದೆ. ಮಿಸಿಸಿಪ್ಪಿಯ ಹತ್ತಿ ಹೊಲದ ಕರಿಯ ಜನರ ನೋವಿನ ಹಾಡೇ ಬ್ಲೂಸ್. ಅಂಥ ಹೊಲದಿಂದ ಶಿಕಾಗೋಗೆ ಹೋದ ಮಡ್ಡಿ ವಾಟರ್ಸ್ ಎಂಬ ಗಾಯಕನ 1950ರ ಒಂದು ಹಾಡಿನಿಂದಲೇ ಲಂಡನ್ನಿನ ರೋಲಿಂಗ್ ಸ್ಟೋನ್ಸ್ ತಂಡ 1962ರಲ್ಲಿ ತನ್ನ ಹೆಸರು ಇಟ್ಟುಕೊಂಡಿತು. ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕರಿಯ ಹೆಣ್ಣುಮಗಳು ಮೊದಲು ಹಾಡಿದ 'ಹೌಂಡ್ ಡಾಗ್' ಜಗತ್ತಿಗೆಲ್ಲ ಗೊತ್ತಾದದ್ದು 1956ರಲ್ಲಿ ಎಲ್ವಿಸ್ ಹಾಡಿದ ಮೇಲೆ. 1964ರ ಫೆಬ್ರವರಿ 9ರಂದು ಬೀಟಲ್ಸ್ ಅಮೆರಿಕದ ಟಿವಿಯಲ್ಲಿ ಹಾಡಿದಾಗ ಸುಮಾರು 7.3 ಕೋಟಿ ಜನ ನೋಡಿದರಂತೆ. ಆ ಹುಡುಗರು ಲಿವರ್‌ಪೂಲಿನಲ್ಲಿ ಕಲಿತದ್ದು ಚಕ್ ಬೆರಿಯಂಥ ಅಮೆರಿಕದ ಕರಿಯ ಗಾಯಕರ ತಟ್ಟೆ ಹಚ್ಚಿಕೊಂಡು. ಅಮೆರಿಕದ ಸರಕೇ ಬ್ರಿಟನ್ನಿನ ಚೀಲದಲ್ಲಿ ಅಮೆರಿಕಕ್ಕೆ ವಾಪಸು ಬಂತು. ಇತ್ತೀಚಿನ ಆಮೀ ವೈನ್‌ಹೌಸ್, ಅಡೆಲ್ ಹಾಡಿದ್ದರಲ್ಲೂ ಅಮೆರಿಕದ ಸೋಲ್ ಸಂಗೀತದ ಉಸಿರಿದೆ. ಈ ಸಲ ತಮ್ಮ ಮೊಟಕಿದ.

ಸವದತ್ತಿ ತಾಲೂಕಿನಲ್ಲೂ ಇಂಥ ಹೋಗಿಬರುವ ವ್ಯವಹಾರ ನಡೆದಿದೆ. 1842ರಲ್ಲಿ ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳ ಸಾಂಗ್ಲಿಗೆ ಹೋಗಿ ಆಟ ಆಡಿತು. ಅದನ್ನು ಕಂಡ ಸಾಂಗ್ಲಿಯ ಸಂಸ್ಥಾನಿಕರು ಹೇಳಿದ್ದಕ್ಕೆ ವಿಷ್ಣುದಾಸ ಭಾವೆ 1843ರಲ್ಲಿ ಮರಾಠಿ ನಾಟಕ ಆಡಿಸಿದರು. ಅದೇ 1843ರಲ್ಲಿ ಈ ತಾಲೂಕಿನ ಗುರ್ಲಹೊಸೂರಿನಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದರು. 1880ರಲ್ಲಿ ಪುಣೆಯಲ್ಲಿ ಅವರ 'ಸಂಗೀತ ಶಾಕುಂತಲ' ರಂಗಕ್ಕೆ ಬಂದು ಮರಾಠಿ ರಂಗಗೀತೆಯ ಕಾಲವೇ ಶುರುವಾಯಿತು. ನಮ್ಮ ಹೊಲದ ಕಿರ್ಲೋಸ್ಕರ್ ಪಂಪಿನ ಮನೆತನದ ಊರೂ ಇದೇ.

ಆ ಮರಾಠಿ ಕಂಪನಿಗಳು ಹುಬ್ಬಳ್ಳಿ, ಧಾರವಾಡ, ಬೆಳಗಾವಿಗೆ ಬಂದು ನಮ್ಮ ಜನರನ್ನು ಮರುಳು ಮಾಡಿದವು. ಗದುಗಿನ ಶಾಂತಕವಿಗಳಂಥವರು "ನಮ್ಮ ಭಾಷೆಯಲ್ಲೇಕೆ ಆಗಬಾರದು" ಅಂತ ಹಟ ಹಿಡಿದು ಕನ್ನಡ ನಾಟಕ ಕಟ್ಟಿದರು. ಆ ಗಿಡದ ದೊಡ್ಡ ಹಣ್ಣು ಇದೇ ತಾಲೂಕಿನ ಏಣಗಿಯ ಬಾಳಪ್ಪನವರು. 1914ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ ಈ ಹಿರಿಯರು ಹಾಡಿ, ಆಡಿ, 'ಕಲಾವೈಭವ ನಾಟ್ಯ ಸಂಘ' ನಡೆಸಿದರು. ಕನ್ನಡದ ಮೇಳ ಮರಾಠಿಗೆ ಹೋಯಿತು, ಮರಾಠಿಯ ರಂಗಗೀತೆ ಕನ್ನಡಕ್ಕೆ ಬಂತು. ಒಂದೇ ತಾಲೂಕಿನ ಇಬ್ಬರು ಮಕ್ಕಳು ಆ ಕಡೆ ಒಬ್ಬರು, ಈ ಕಡೆ ಒಬ್ಬರು ದೊಡ್ಡವರಾದರು. ಇದರಲ್ಲಿ ಗೆದ್ದವರಾರು, ಸೋತವರಾರು?

ಮರುದಿನ ರಾಮದುರ್ಗ. ಭಾವೆ ಮನೆತನದ ಸಂಸ್ಥಾನವಿದ್ದ ಊರು. ಈ ತಾಲೂಕಿನ ಗೊಡಚಿ ವೀರಭದ್ರನ ಜಾತ್ರೆ ಸುತ್ತಮುತ್ತ ಹೆಸರಾದದ್ದು. ಹುಲಕುಂದ ಎಂಬ ಹಳ್ಳಿಯೂ ಇದೇ ತಾಲೂಕಿನದು. ಅಲ್ಲಿನ ಭೀಮಕವಿ ಸ್ವಾತಂತ್ರ್ಯದ ಹೋರಾಟವನ್ನು ಗೀಗೀ ಪದದಲ್ಲಿ ತಂದವರು. ನಮ್ಮ ಕಡೆ ಜಾತ್ರೆ ಅಂದರೆ ಹರದೇಶಿ–ನಾಗೇಶಿ ಪದ ಬೇಕೇ ಬೇಕು. ಹರದೇಶಿಯವರು ಗಂಡು ಹೆಚ್ಚು ಅಂತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಅಂತಾರೆ. ದಪ್ಪು, ತುಂತುಣಿ ಹಿಡಿದು ರಾತ್ರಿಯೆಲ್ಲ ಸವಾಲು, ಜವಾಬು. ಬೆಳಗಾದಾಗ ಎರಡೂ ಮೇಳದವರು ಒಂದೇ ಗಂಗಾಳದ ಮುಂದೆ ಕೂತು ಚುರಮುರಿ, ಮಿರ್ಚಿ ತಿಂದು ಚಹಾ ಕುಡೀತಾರೆ.

ಬಾಬ್ ಡಿಲನ್ 1960ರ ದಶಕದಲ್ಲಿ ಬರೆದ 'ಎ ಹಾರ್ಡ್ ರೇನ್ಸ್ ಎ-ಗಾನಾ ಫಾಲ್' ಕೂಡ ಸವಾಲು-ಜವಾಬಿನ ಹಾಡೇ. ಅದರ ಕಟ್ಟು ಬಂದದ್ದು 'ಲಾರ್ಡ್ ರ‍್ಯಾಂಡಲ್' ಎಂಬ ಬ್ರಿಟನ್ನಿನ ಹಳೆಯ ಕಥನಗೀತೆಯಿಂದ. ಈ ಹೊತ್ತಿಗೆ ಹುಡುಗರಿಬ್ಬರೂ ಮೊಟಕುವುದನ್ನು ಬಿಟ್ಟಿದ್ದರು. "ಅತ್ತೀ, ಹಂಗಾದ್ರ ಇದು ಹರದೇಶಿ–ನಾಗೇಶಿ ಇದ್ದಂಗ. ಒಬ್ಬರಿಲ್ಲಾಂದ್ರ ಇನ್ನೊಬ್ಬರಿಗೆ ಪದಾನ ಇಲ್ಲ" ಅಂದಳು ಹುಡುಗಿ. ಪಂಚರಾಗಿ ನಾನು ಇದಕ್ಕಿಂತ ಚೆಂದ ತೀರ್ಪು ಕೊಡಲು ಆಗುತ್ತಿರಲಿಲ್ಲ.

ಆದರೆ ನನಗೆ ಇನ್ನೊಂದು ಮಾತು ಉಳಿದಿದೆ. ಕೊಡುವುದು, ಇಸಕೊಳ್ಳುವುದು ಹಾಡಿನ ಧರ್ಮ, ಅದನ್ನು ಯಾರೂ ತಡೆಯಲಾರರು, ತಡೆಯಲೂಬಾರದು. ಲೆಕ್ಕ ತಪ್ಪುವುದು ಇಸಕೊಂಡವರ ಹೆಸರು ಉಳಿದು, ಕೊಟ್ಟವರ ಹೆಸರು ಅಳಿದಾಗ. ಅಮೆರಿಕದವರು ಬಿಗ್ ಮಾಮಾ ಥಾರ್ನ್‌ಟನ್‌ಳ ಹೆಸರನ್ನು ತಡವಾಗಿಯಾದರೂ ಪುಸ್ತಕದಲ್ಲಿ ಬರೆದರು. ನಮ್ಮಲ್ಲಿ? ಕ್ಯಾಸೆಟ್ ಕಾಲದಲ್ಲಿ ಡಬ್ಬಿಯ ಮೇಲೆ "ಸಾಹಿತ್ಯ: ಜಾನಪದ" ಅಂತಿತ್ತು. ಈಗ ಯೂಟ್ಯೂಬಿನಲ್ಲೂ ಅದೇ. ಡಿಜೆಯ ಹೆಸರಿರುತ್ತದೆ, ಚಾನೆಲ್ಲಿನ ಹೆಸರಿರುತ್ತದೆ, ಪದ ಕಲಿಸಿದ ಅವ್ವನ ಹೆಸರಿರುವುದಿಲ್ಲ. ಟ್ರ್ಯಾಕ್ಟರಿನಲ್ಲಿ ಜೋರಾಗಿ ಬಡಿಯುವ ಎಷ್ಟೋ ಹಾಡಿನ ಧಾಟಿ ಯಾವುದೋ ಬೀಸುಕಲ್ಲಿನ ಮುಂದೆ ಹುಟ್ಟಿದ್ದು.

ಬನದ ಹುಣ್ಣಿಮೆಗೋ ಭರತ ಹುಣ್ಣಿಮೆಗೋ ಗುಡ್ಡಕ್ಕೆ ಹೋಗುವವರು ನಮ್ಮ ಓದುಗರಲ್ಲಿ ಬಹಳ ಮಂದಿ ಇರ್ತೀರಿ. ಚೌಡಿಕೆ ಕೇಳಿದರೆ ಫೋನು ಹೊರಗೆ ಬಂದೇ ಬರ್ತದೆ. ಮೊದಲು "ವಿಡಿಯೊ ಮಾಡಲೇನ್ರಿ?" ಅಂತ ಕೇಳಿರಿ. ಹಾಡು ಮುಗಿದ ಮೇಲೆ ಕೈಯಲ್ಲಿ ಒಂದಿಷ್ಟು ರೊಕ್ಕ ಇಟ್ಟು, "ನಿಮ್ಮ ಹೆಸರೇನ್ರಿ, ಯಾವೂರು, ಯಾರ ಕಡೆ ಕಲಿತ್ರಿ?" ಅಂತ ವಿಚಾರಿಸಿರಿ. ಅವರು ಹೂಂ ಅಂದರೆ, ವಿಡಿಯೊದ ಕೆಳಗೆ "ಜಾನಪದ" ಅಂತ ಬರೆಯುವ ಜಾಗದಲ್ಲಿ ಆ ಹೆಸರನ್ನು ಬರೆಯಿರಿ.